ಕನ್ನಡಿಯಲ್ಲಿ ಕೆಂಪು ಚುಕ್ಕೆ

ಸ್ವತಂತ್ರ ಚಿತ್ರ ಎಂದರೆ ಯಾರೂ ಕಾಸು ಬಿಚ್ಚದ ಚಿತ್ರ. ಅದನ್ನು ಹಾಗೆಯೇ ಹೇಳಿದರೆ ಮರ್ಯಾದೆ ಹೋಗುತ್ತದೆಂದು ಸ್ವಾತಂತ್ರ್ಯವನ್ನು ಎಳೆದು ತಂದಿದ್ದಾರೆ, ಅಷ್ಟೆ. ಗಿಣಿಯ ಚಿತ್ರವೂ ಆ ಜಾತಿಯದೇ. ಟ್ರಾಲಿ ಬೇಕೆಂದರೆ ಅಕ್ಕನ ಹೊಲಿಗೆ ಕೋಣೆಯ ಗಾಲಿ ಸ್ಟೂಲು. ದೀಪ ಬೇಕೆಂದರೆ ಅದೇ ಕೋಣೆಯ ದೊಡ್ಡ ಕಿಟಕಿ. ಕಿಟಕಿಯ ಬಿಸಿಲು ಮುಖಕ್ಕೆ ಚುಚ್ಚಿದರೆ ಯಾವುದೋ ಗಿರಾಕಿಯ ಲೈನಿಂಗ್ ಬಟ್ಟೆಯನ್ನು ಅಡ್ಡ ಕಟ್ಟುವುದು, ಮುಖದ ಆಚೆ ಮಗ್ಗುಲು ಕಪ್ಪಾದರೆ ಹೊಸ ಫ್ರಿಜ್ಜಿನ ಡಬ್ಬದಲ್ಲಿ ಬಂದ ಥರ್ಮಾಕೋಲ್ ಹಲಗೆಯನ್ನು ಪಕ್ಕಕ್ಕಿಟ್ಟು ಬೆಳಕನ್ನು ವಾಪಸ್ ಎಸೆಯುವುದು. ನಾಯಕಿ ಬೇಕೆಂದಾಗಲೂ ಅವನು ಹೊರಗೆ ಹೋಗಲಿಲ್ಲ. ಮನೆಯಲ್ಲೇ ಅಕ್ಕ ಇದ್ದಳು.

ಗಿಣಿ ಎನ್ನುವುದು ಅವನ ಅಡ್ಡಹೆಸರು. ಹೆಡ್‌ಮಾಸ್ತರರ ಕೆಮ್ಮು, ಚಿಕ್ಕಪ್ಪನ ಸೀನು, ಪಕ್ಕದ ಮನೆಯವರ ಸ್ಕೂಟರು ಸ್ಟಾರ್ಟ್ ಆಗದೆ ಗೋಳಾಡುವ ಸದ್ದು, ಎಲ್ಲವನ್ನೂ ಕೇಳಿದ ಮರುಕ್ಷಣ ಬಾಯಲ್ಲಿ ತರುತ್ತಿದ್ದ. ಗಿಣಿಗೆ ಮಾತು ಕಲಿಸಿದವಳು ಅಕ್ಕನೇ. ಅವನಿಗೆ ಶಾಲೆಗೆ ಹೋಗಲು ಮನಸ್ಸಿಲ್ಲದ ದಿನ ಅವಳು ಫೋನೆತ್ತಿ ಅಪ್ಪನ ದಪ್ಪ ದನಿಯಲ್ಲಿ, "ಹುಡುಗನಿಗೆ ಜ್ವರ ರೀ, ಇವತ್ತು ಕಳಿಸಲ್ಲ," ಎಂದು, ಅಪ್ಪ ಎಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರೋ ಅಲ್ಲೇ ಸರಿಮಾಡಿಕೊಂಡು ಫೋನಿಡುತ್ತಿದ್ದಳು. ಆಮೇಲೆ ಹೊಲಿಗೆ ಹಿಡಿದಳು. ದಿನವಿಡೀ ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡಿರುವವಳಿಗೆ ಇನ್ನೊಬ್ಬರ ದನಿ ಇರಲಿ, ತನ್ನದೇ ದನಿಗೂ ಜಾಗವಿರಲಿಲ್ಲ.

ಅಕ್ಕನನ್ನು ಜನ ಹೊಗಳುತ್ತಿದ್ದದ್ದು ಒಂದೇ ವಿಷಯಕ್ಕೆ. ಸೊಂಟ ದಾಟಿ ಇಳಿದ, ಹಗ್ಗದಷ್ಟು ದಪ್ಪದ ಜಡೆಗೆ. ಅಳತೆ ಕೊಡಲು ಬಂದ ಹೆಂಗಸರು ತಾವು ನಿಂತಲ್ಲೇ ತಿರುಗಿ ಅದನ್ನು ಮುಟ್ಟಿ ನೋಡುತ್ತಿದ್ದರು. ಅವಳನ್ನು ಬಿಟ್ಟು ಹೊರಟ ಗಂಡ ಕೂಡ ಚಪ್ಪಲಿ ಮೆಟ್ಟುತ್ತ, "ಕೂದಲೊಂದು ಚೆನ್ನಾಗಿದೆ ನಿಂದು," ಎಂದು ಸರ್ಟಿಫಿಕೇಟ್ ಕೊಟ್ಟೇ ಹೋಗಿದ್ದ.

ಗಿಣಿಯ ಚಿತ್ರದ ಕೊನೆಯ ದೃಶ್ಯಕ್ಕೆ ಬೇಕಾಗಿದ್ದದ್ದು ಆ ಜಡೆಯೇ. ಹೆಂಗಸೊಬ್ಬಳು ಕನ್ನಡಿಯ ಮುಂದೆ ಕೂತು ತನ್ನ ಜಡೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ನಡುವೆ ಎಲ್ಲೂ ಕಟ್ ಇಲ್ಲ. ಚಿತ್ರದ ಉಳಿದದ್ದೆಲ್ಲ ಈ ಒಂದು ಶಾಟ್‌ಗೆ ಹಾಸಿದ ಚಾಪೆ. ಅದು ಸಿಕ್ಕರೆ ಚಿತ್ರ ಉಂಟು, ತಪ್ಪಿದರೆ ಇಲ್ಲ. ಎರಡನೇ ಟೇಕ್ ಎನ್ನುವ ಮಾತೂ ಇಲ್ಲ.

"ಈ ಪಾತ್ರ ನಿನಗೇ ಅಂತ ಬರ್ದಿದ್ದು ಅಕ್ಕಾ," ಎಂದಿದ್ದ.

"ನನಗಾ? ಈ ಮುಖಕ್ಕಾ?"

"ಈ ಮುಖಕ್ಕೇ. ಬೇರೆ ಯಾರು ಮಾಡಿದ್ರೂ ಅದು ಆಕ್ಟಿಂಗ್ ಆಗತ್ತೆ."

ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಕಣ್ಣು ಒದ್ದೆಯಾಗಿತ್ತು. "ಕೂದಲು ತಾನೇ, ಮತ್ತೆ ಬೆಳೆಯತ್ತೆ ಬಿಡು," ಎಂದಳು. ಅವತ್ತಿನಿಂದ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಪ್ಪು ನೂಲಿನ ಲಡಿಯೊಂದನ್ನು ಕತ್ತಿನ ಪಕ್ಕ ಹಿಡಿದು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಳು. ಯಾರಾದರೂ ತನ್ನನ್ನು ಕತ್ತಿನಿಂದ ಮೇಲೆ ಅಷ್ಟು ಹೊತ್ತು ನೋಡುತ್ತಾರೆ ಎನ್ನುವುದೇ ಅವಳಿಗೆ ನಂಬಲಾಗದ ಸುದ್ದಿಯಾಗಿತ್ತು.

ಚಿತ್ರೀಕರಣದ ದಿನ ಕ್ಯಾಮೆರಾ ಬಾಡಿಗೆಗೆ ಬಂತು. ಅದರ ಜೊತೆ ಕ್ಯಾಮೆರಾಮನ್ ಬಂದ. ಅವನು ಬಾಯಿ ಬಿಡುವುದೇ ಅಪರೂಪವಾದ್ದರಿಂದ ಗಿಣಿ ಅವನಿಗೆ ಸೈಲೆನ್ಸರ್ ಎಂದು ಹೆಸರಿಟ್ಟಿದ್ದ. ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ಆಳೆತ್ತರದ ಕನ್ನಡಿಯ ಮುಂದೆ ಅಕ್ಕನ ಸ್ಟೂಲು. ಅವಳ ಹಿಂದೆ, ಒಂದು ಪಕ್ಕಕ್ಕೆ ಕ್ಯಾಮೆರಾ. ಕನ್ನಡಿಯೊಳಗಿನ ಮುಖವೇ ಚಿತ್ರದಲ್ಲಿ ಕಾಣುವ ಮುಖ. ಸದ್ದು ಹಿಡಿಯುವ ಪುಟ್ಟ ರೆಕಾರ್ಡರನ್ನು ಗಿಣಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಚ್ಚಿಟ್ಟು ಚಾಲೂ ಮಾಡಿದ.

ಸೈಲೆನ್ಸರ್ ಒಂದು ಗಳಿಗೆ ಕ್ಯಾಮೆರಾ ಓಡಿಸಿ ಚೌಕಟ್ಟು ನೋಡಿದ. "ಸರ್, ಕನ್ನಡಿಯಲ್ಲಿ ಕ್ಯಾಮೆರಾದ ಕೆಂಪು ದೀಪ ಕಾಣ್ತಿದೆ."

ಕ್ಯಾಮೆರಾ ಓಡುವಾಗ ಅದರ ಮೂತಿಯಲ್ಲಿ ಹೊತ್ತಿಕೊಳ್ಳುವ ದೀಪ. ಅಕ್ಕನ ಕಿವಿಯ ಪಕ್ಕ ಮೊಡವೆಯ ಹಾಗೆ ಕೂತಿತ್ತು.

"ಟೇಪ್ ಹಾಕು ಅದರ ಕಣ್ಣಿಗೆ. ಮತ್ತೆ ಆ ಪರದೆ ಮೇಲಿರೋ ಗುರುತು, ನಂಬರು, ಚುಕ್ಕೆ ಎಲ್ಲಾ ತೆಗಿ. ಕಣ್ಣಿಗೆ ಕಸ ಬಿದ್ದ ಹಾಗಾಗತ್ತೆ ನಂಗೆ."

"ಅದೆಲ್ಲ ತೆಗೆದ್ರೆ ಓಡ್ತಿದೆಯಾ ನಿಂತಿದೆಯಾ ಗೊತ್ತಾಗಲ್ಲ ಸರ್."

"ಗುಂಡಿ ಒತ್ತೋನು ನೀನೇ ತಾನೇ? ಒತ್ತಿದ್ದು ಕೈಗೆ ಗೊತ್ತಾಗಲ್ವಾ? ಇಲ್ಲ, ಕೈಗೂ ಸೈಲೆನ್ಸರ್ ಹಾಕ್ಸಿದೀಯಾ?"

ಸೈಲೆನ್ಸರ್ ಕಪ್ಪು ಟೇಪ್ ಹರಿದು ಅಂಟಿಸಿದ, ಪರೀಕ್ಷೆಗೆ ಓಡಿಸಿದ್ದನ್ನು ಅಳಿಸಿ ಪರದೆಯನ್ನು ಬೋಳು ಮಾಡಿದ. ಆ ಕ್ಯಾಮೆರಾಕ್ಕೆ ಇದ್ದದ್ದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ; ಕಾರ್ಡಿನ ಮುಚ್ಚಳ ತೆಗೆದರೂ ನಿಲ್ಲುತ್ತದೆ.

ಮೊದಲು ರಿಹರ್ಸಲ್. ಗಿಣಿ ಹೆಮ್ಮೆಯಿಂದ ಹೇಳಿಕೊಳ್ಳುವ ಕೈಚಳಕ ಒಂದಿತ್ತು. ಸುಮ್ಮನೆ ಅಭ್ಯಾಸ ಎಂದು ನಂಬಿಸಿ ಕಳ್ಳತನದಲ್ಲಿ ಕ್ಯಾಮೆರಾ ಓಡಿಸುವುದು. ಟೇಕ್ ಅಂದರೆ ಜನ ಪಾಸ್‌ಪೋರ್ಟ್ ಫೋಟೋ ಆಗುತ್ತಾರೆ, ಅಭ್ಯಾಸ ಅಂದರೆ ಮನುಷ್ಯರಾಗಿರುತ್ತಾರೆ ಎಂಬುದು ಅವನ ಸಿದ್ಧಾಂತ. ಸೈಲೆನ್ಸರ್ ಕಿಟಕಿಯ ಬಟ್ಟೆ ಬಿಗಿಯಲು ಇನ್ನೊಂದು ಸ್ಟೂಲು ಹತ್ತಿದಾಗ ಗಿಣಿ ಬೆರಳು ಚಾಚಿ ಗುಂಡಿ ಒತ್ತಿದ. ಟೇಪಿನ ಕೆಳಗೆ ಕೆಂಪು ಕಣ್ಣು ತೆರೆಯಿತು. ಅಕ್ಕ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಕತ್ತರಿಯನ್ನು ಗಾಳಿಯಲ್ಲಿ ಆಡಿಸಿ, "ಇಲ್ಲಿಂದ ಕತ್ತರಿಸ್ಲಾ, ಇನ್ನೂ ಮೇಲಿಂದ್ಲಾ?" ಎಂದು ಕೇಳುತ್ತಿದ್ದಳು.

ಅಷ್ಟರಲ್ಲಿ ಮೋಡ ಸರಿದು ಕಿಟಕಿಯ ಬಟ್ಟೆಯ ಮೇಲೆ ಬೆಳಕು ಹಾಲಿನಂತೆ ಹರಡಿತು. ಇದೇ ಬೆಳಕಿಗೆ ಅವರು ಕಾದಿದ್ದದ್ದು. ಸ್ವಲ್ಪ ಹೊತ್ತಿಗೆಲ್ಲ ಬಿಸಿಲು ಎದುರು ಮನೆಯ ಗೋಡೆಯ ಹಿಂದೆ ಇಳಿದರೆ ಮುಗಿಯಿತು. ಗಿಣಿ ಕುಣಿದಾಡಿದ. ತಾನು ಒತ್ತಿದ ಗುಂಡಿ ತಲೆಯಿಂದ ಜಾರಿಹೋಯಿತು.

"ಈಗ ನಿಜ! ಎಲ್ಲಾ ರೆಡಿ? ರೋಲ್!"

ಸೈಲೆನ್ಸರ್ ಓಡಿ ಬಂದು ಗುಂಡಿ ಒತ್ತಿದ. ಟೇಪಿನ ಕೆಳಗೆ ಕೆಂಪು ಕಣ್ಣು ಮುಚ್ಚಿಕೊಂಡಿತು.

ಅಕ್ಕ ಕತ್ತರಿ ಎತ್ತಿದಳು. ಬಟ್ಟೆ ಬಿಟ್ಟು ಬೇರೇನನ್ನೂ ಕತ್ತರಿಸಲು ಅವಳು ಆ ಕತ್ತರಿಯನ್ನು ಯಾರಿಗೂ ಕೊಟ್ಟವಳಲ್ಲ, ಅದರ ಬಾಯಿ ಮೊಂಡಾಗುತ್ತದೆಂದು ಬೈಯುತ್ತಿದ್ದಳು. ಜಡೆ ಸುಲಭಕ್ಕೆ ಬಗ್ಗಲಿಲ್ಲ. ಕತ್ತರಿ ಕಡಿಯಿತು, ಜಾರಿತು, ಮತ್ತೆ ಕಡಿಯಿತು. ಕರಕ್, ಕರಕ್. ಅವಳ ತುಟಿ ಬಿಗಿಯಿತು. ಸೈಲೆನ್ಸರ್ ಉಸಿರು ಹಿಡಿದು ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ ಮುಖವನ್ನು ಸ್ಪಷ್ಟವಾಗಿ ಹಿಡಿದಿಟ್ಟ. ಕೊನೆಯ ಎಳೆ ಬಿಟ್ಟಾಗ ಜಡೆ ಅವಳ ಕೈಗೆ ಬಂತು. ಬಟ್ಟೆಯ ತೂಕ ನೋಡುವವಳ ಹಾಗೆ ಅಂಗೈ ಮೇಲೆ ಅದನ್ನು ಮೆಲ್ಲಗೆ ಎತ್ತಿ ಇಳಿಸಿದಳು. ಆಮೇಲೆ ಕನ್ನಡಿ ನೋಡಿದಳು. ಅವಳ ಮುಖದಲ್ಲಿ ಒಬ್ಬ ಅಪರಿಚಿತ ಹುಡುಗಿ ಬಂದು ನಿಂತು, ಇಲ್ಲಿ ಯಾರೂ ಇಲ್ಲವಾ ಎಂದು ಕೇಳಿ, ಹೊರಟುಹೋದಳು.

"ಕಟ್!" ಗಿಣಿ ಕೂಗಿದ. ಸೈಲೆನ್ಸರ್ ಗುಂಡಿ ಒತ್ತಿದ. ಕೆಂಪು ಕಣ್ಣು ತೆರೆಯಿತು.

"ಬಂತಾ ಗಿಣೀ?"

"ಬಂತಾ ಅಂತೀಯಲ್ಲ! ಅಕ್ಕಾ, ಜೀವಮಾನದ ಶಾಟ್!"

ಅಕ್ಕ ನಾಚಿಕೊಂಡು ಬೋಳು ಕತ್ತನ್ನು ಮುಟ್ಟಿಕೊಂಡಳು. "ಇಲ್ಲೆಲ್ಲ ತಣ್ಣಗಾಗತ್ತೆ ಕಣೋ." ಜಡೆಯನ್ನು ರೇಷ್ಮೆ ತುಂಡೊಂದರಲ್ಲಿ ಸುತ್ತಿ, ಬೆನ್ನಿಗಿಳಿದ ಕೂದಲಿನ ತುರಿಕೆ ತಾಳಲಾರದೆ ಪಕ್ಕದ ಬಚ್ಚಲಿಗೆ ಹೋದಳು.

ಗಿಣಿಗೆ ಸಂತೋಷ ನೆತ್ತಿಗೇರಿತ್ತು. ಅವನ ಸಂತೋಷ ಯಾವಾಗಲೂ ಇನ್ನೊಬ್ಬರ ದನಿಯಲ್ಲೇ ಹೊರಬರುತ್ತಿದ್ದದ್ದು. ಅಕ್ಕನ ಸ್ಟೂಲಿನ ಮೇಲೆ ಕೂತು, ಅಳತೆ ಟೇಪನ್ನು ಜಡೆಯ ಹಾಗೆ ಇಳಿಬಿಟ್ಟುಕೊಂಡು, ಕನ್ನಡಿಗೆ ಕಣ್ಣು ಪಿಳಿಪಿಳಿ ಮಾಡಿದ. "ಗಿಣೀ, ಕ್ಯಾಮೆರಾ ನೋಡ್ಲಾ, ಬೇಡ್ವಾ? ನಂಗೆ ಈ ಕಡೆ ಮುಖ ಅಷ್ಟು ಚೆನ್ನಾಗಿಲ್ಲ ಕಣೋ. ಆ ಕಡೇದೂ ಚೆನ್ನಾಗಿಲ್ಲ, ಆದ್ರೆ ಈ ಕಡೇದಕ್ಕಿಂತ ವಾಸಿ." ಸೈಲೆನ್ಸರ್ ಸದ್ದು ಮಾಡಿಯೇ ನಕ್ಕ.

"ಒಪ್ಪಿದ್ದು ಹೆಂಗೆ ಸರ್ ಅವ್ರು?"

"ಮೊದಲು ಒಬ್ಬಳು ನಟಿ ಇದ್ಲು. ಕೂದಲಿಗೆ ಕೈ ಹಾಕಿದ್ರೆ ಕೈ ಮುರೀತೀನಿ ಅಂದ್ಲು. ನಂಗೂ ಅಯ್ಯೋ ಅನ್ನಿಸ್ತು ಬಿಡು, ಚೆಂದದ ಹುಡುಗಿ. ಆಮೇಲೆ ನೆನಪಾಯ್ತು, ನಮ್ಮನೇಲೇ ಒಂದು ಬಿದ್ದಿದೆಯಲ್ಲಾ ಅಂತ. ಅವಳ ತಲೆ ಮೇಲೆ ಕೂದಲಿದ್ರೇನು, ಹೋದ್ರೇನು? ಯಾರು ನೋಡ್ಬೇಕು? ನಿನಗೇ ಬರ್ದಿದ್ದು ಅಂದೆ. ಅತ್ತೇಬಿಟ್ಲು, ಪಾಪ."

ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಬಂದಾಗ ಇಬ್ಬರೂ ಸಭ್ಯರಾಗಿದ್ದರು. ಗಿಣಿ ಕ್ಯಾಮೆರಾದಿಂದ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕುತ್ತಿದ್ದ. ಸೈಲೆನ್ಸರ್ ಅಭ್ಯಾಸಬಲದಿಂದ ಕ್ಯಾಮೆರಾಕ್ಕೆ ಇನ್ನೊಂದು ಕಾರ್ಡು ತುಂಬಿದ.

"ತೋರ್ಸು."

"ಎಡಿಟಿಂಗ್ ಆಗ್ಲಿ ಅಕ್ಕಾ."

"ಹೋಗಿದ್ದು ನನ್ನ ಕೂದಲು ಕಣೋ. ಹೆಂಗೆ ಹೋಯ್ತು ಅಂತ ನಾನು ನೋಡ್ಬಾರ್ದಾ?" ಎಂದು ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು.

ಮೊದಲ ತುಣುಕಿನಲ್ಲಿ ಅವಳು ಕತ್ತರಿಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. ಇಲ್ಲಿಂದ ಕತ್ತರಿಸ್ಲಾ, ಇನ್ನೂ ಮೇಲಿಂದ್ಲಾ. ಆಮೇಲೆ ಗಿಣಿಯ ದನಿ, "ರೋಲ್!" ಪರದೆ ಕಪ್ಪಾಯಿತು.

"ಮುಂದಿಂದು," ಎಂದಳು.

ಮುಂದಿನದರಲ್ಲಿ ಅವಳು ಬೋಳು ಕತ್ತನ್ನು ಮುಟ್ಟಿಕೊಳ್ಳುತ್ತಿದ್ದಳು. ಬಂತಾ ಗಿಣೀ?

ಎರಡರ ನಡುವೆ ಏನೂ ಇರಲಿಲ್ಲ. ತಾನು ಕದ್ದು ಒತ್ತಿದ ಗುಂಡಿ ಗಿಣಿಗೆ ಈಗ ನೆನಪಾಯಿತು. ಅದರ ಜೊತೆಗೇ ಮುಂದೆ ಬರುವುದೇನೆಂಬುದೂ ಹೊಳೆದು ಲ್ಯಾಪ್‌ಟಾಪಿಗೆ ಕೈ ಹಾಕಿದ. ಅಕ್ಕ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. "ಇರು."

ಪರದೆಯಲ್ಲಿ ಅಳತೆ ಟೇಪಿನ ಜಡೆಯ ಅಕ್ಕ ಕಣ್ಣು ಪಿಳಿಪಿಳಿ ಮಾಡಿದಳು. ಈ ಕಡೆ ಮುಖ, ಆ ಕಡೆ ಮುಖ. ನಮ್ಮನೇಲೇ ಒಂದು ಬಿದ್ದಿದೆಯಲ್ಲಾ. ಯಾರು ನೋಡ್ಬೇಕು?

ಅವಳು ಪೂರ್ತಿ ನೋಡಿದಳು. ಟವೆಲ್ ಜಾರಿ ಹೆಗಲಿಗೆ ಬಿದ್ದದ್ದು ಗೊತ್ತಾಗಲಿಲ್ಲ.

ಗಿಣಿ ತಲೆ ತಗ್ಗಿಸಿ ನಿಂತಿದ್ದ. ಕ್ಷಮೆ ಕೇಳಲೆಂದು ತಲೆ ಎತ್ತಿದವನಿಗೆ ಕನ್ನಡಿ ಕಂಡಿತು. ಕನ್ನಡಿಯಲ್ಲಿ ಆ ಮುಖ ಕಂಡಿತು. ಟೇಕಿನಲ್ಲಿ ಒಂದು ಗಳಿಗೆ ಬಂದು ಹೋದ ಅಪರಿಚಿತೆ ಈಗ ಹೊರಡದೆ ಅಲ್ಲೇ ನಿಂತಿದ್ದಳು. ಅದೇ ಸ್ಟೂಲು, ಅದೇ ಚೌಕಟ್ಟು, ಕಿಟಕಿಯಲ್ಲಿ ಕೊನೆಯ ಚೂರು ಅದೇ ಬೆಳಕು. ಕತ್ತರಿಯ ಸದ್ದು ಹೇಗೂ ಡ್ರಾಯರಿನ ರೆಕಾರ್ಡರಿನಲ್ಲಿದೆ. ಈ ಮುಖದ ಕೆಳಗೆ ಆ ಸದ್ದು ಕೂರಿಸಿದರೆ, ಜಡೆ ಯಾವಾಗ ಬಿತ್ತು ಎಂದು ಯಾರೂ ಕೇಳುವುದಿಲ್ಲ. ನಾಚಿಕೆ ಅವನೊಳಗಿಂದ ಹೊರಟಿದ್ದು ಬಾಗಿಲವರೆಗೆ ಬಂದು, ನಿರ್ದೇಶಕನಿಗೆ ದಾರಿ ಬಿಟ್ಟು, ಪಕ್ಕಕ್ಕೆ ನಿಂತಿತು.

ತುದಿಗಾಲಲ್ಲಿ ಹಿಂದೆ ಸರಿದ. ಈ ಸಲ ಎಡವಟ್ಟಾಗಬಾರದೆಂದು ಕೆಂಪು ದೀಪದ ಮೇಲಿನ ಟೇಪನ್ನು ತಾನೇ ಕಿತ್ತ. ಅದೊಂದು ಚುಕ್ಕೆ ತಾನೇ, ಕಂಪ್ಯೂಟರಿನಲ್ಲಿ ಅಳಿಸಿದರಾಯಿತು. ಸೈಲೆನ್ಸರಿಗೆ ಸನ್ನೆ ಮಾಡಿದ. ಸೈಲೆನ್ಸರ್ ತಲೆಯಾಡಿಸಿದ. ಗಿಣಿ ಕೈ ಮುಗಿದ. ಆಮೇಲೆ ಕಣ್ಣು ಕೆಕ್ಕರಿಸಿದ. ಸೈಲೆನ್ಸರ್ ಕ್ಯಾಮೆರಾಕ್ಕೆ ಕಣ್ಣು ಕೊಟ್ಟು ಗುಂಡಿ ಒತ್ತಿದ.

ಕನ್ನಡಿಯಲ್ಲಿ, ಅಕ್ಕನ ಕಿವಿಯ ಪಕ್ಕ, ಕೆಂಪು ಚುಕ್ಕೆ ಹೊತ್ತಿಕೊಂಡಿತು.

ಅಕ್ಕ ಕಣ್ಣೆತ್ತಿದಳು. ಹೊಲಿಗೆಯಲ್ಲಿ ಬಿಟ್ಟುಕೊಂಡ ದಾರ ನೋಡುವ ಹಾಗೆ ಆ ಚುಕ್ಕೆಯನ್ನು ನೋಡಿದಳು. ಮುಖ ತಟ್ಟನೆ ಖಾಲಿಯಾಯಿತು. ಮರುಗಳಿಗೆ ಕೋಣೆಯಲ್ಲಿ ಗಿಣಿಯ ದನಿ ಮೊಳಗಿತು. ಮೂಗಿನಲ್ಲಿ ಹುಟ್ಟಿ, ಅವಸರದಲ್ಲಿ ಬಾಲ ಕತ್ತರಿಸಿಕೊಂಡ, ಅವನದೇ ಅಸಲು ದನಿ.

"ಕಟ್!"

ಕ್ಯಾಮೆರಾಕ್ಕೆ ಕಣ್ಣು ಕೊಟ್ಟಿದ್ದ ಸೈಲೆನ್ಸರಿನ ಬೆರಳು ತಾನಾಗೇ ಒತ್ತಿತು. ಚುಕ್ಕೆ ಆರಿತು.

"ನಾನಲ್ಲ! ನಾನು ಹೇಳ್ಲಿಲ್ಲ ಕಣೋ!" ಎಂದು ಗಿಣಿ ಚೀರಿದ. ಚುಕ್ಕೆ ಆರಿದ್ದನ್ನು ಕನ್ನಡಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಅಕ್ಕ ತನ್ನ ಮುಖವನ್ನು ಬಿಟ್ಟುಕೊಟ್ಟಳು. ಅದು ಹಣೆಯಿಂದ ಗಲ್ಲದವರೆಗೆ ಒಡೆಯಿತು. ಗಿಣಿ ಕನಸಿನಲ್ಲೂ ಕೇಳುವ ಧೈರ್ಯ ಮಾಡದಿದ್ದ ಮುಖ ಅದು. ಆ ಬೆಳಕಿನಲ್ಲಿ, ಆ ಚೌಕಟ್ಟಿನಲ್ಲಿ, ಅವನ ಕಣ್ಣಿಗೆ ಮಾತ್ರ.

"ರೋಲ್! ರೋಲ್ ಮಾಡೋ! ಒತ್ತೋ!"

ಸೈಲೆನ್ಸರ್ ಕ್ಯಾಮೆರಾದಿಂದ ಕಣ್ಣು ತೆಗೆದು ನೆಟ್ಟಗೆ ನಿಂತ. "ಈಗ ಹೇಳ್ತಿರೋದು ನೀವಾ ಸರ್, ಅವ್ರಾ?"

ಬಿಸಿಲು ಎದುರು ಮನೆಯ ಗೋಡೆಯ ಹಿಂದೆ ಇಳಿಯಿತು. ಅಕ್ಕ ರೇಷ್ಮೆಯ ಗಂಟನ್ನೂ ಕತ್ತರಿಯನ್ನೂ ತೆಗೆದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದಳು.

ಗಿಣಿ ಬಾಗಿಲ ಬಳಿ ಹೋದ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂದೂ ಬಂತು. ಅದರ ಮುಂದೆ ನುಗ್ಗಿದ್ದು ಬೇರೆಯೇ.

"ಅಕ್ಕಾ... ಆ ಜಡೆ ಇದೆಯಲ್ಲ. ಅದರಲ್ಲಿ ಒಂದು ವಿಗ್ ಮಾಡಿಸಿದ್ರೆ, ಇನ್ನೊಂದ್ಸಲ..."

ಒಳಗಿನಿಂದ ಗಿಣಿಯ ದನಿಯೇ ಉತ್ತರ ಕೊಟ್ಟಿತು. "ಅವಳ ತಲೆ ಮೇಲೆ ಕೂದಲಿದ್ರೇನು, ಹೋದ್ರೇನು? ಯಾರು ನೋಡ್ಬೇಕು?"

ಆಮೇಲೆ ಕತ್ತರಿ ಶುರುವಾಯಿತು. ಕರಕ್, ಕರಕ್. ಆ ಜಡೆ ಬೆರಳುದ್ದ, ಉಗುರುದ್ದ, ಯಾವ ವಿಗ್ಗಿಗೂ ಆಗದಷ್ಟು ಸಣ್ಣಗೆ.

ಗಿಣಿ ಹಣೆಯನ್ನು ಬಾಗಿಲಿಗೆ ಒತ್ತಿಕೊಂಡು ಕೇಳಿದ. ಕೇಳುತ್ತ ಕೇಳುತ್ತ ಅವನ ತಲೆ ಒಂದು ಪಕ್ಕಕ್ಕೆ ವಾಲಿತು. ಮೆಲ್ಲಗೆ ಹೋಗಿ ಡ್ರಾಯರಿನಿಂದ ರೆಕಾರ್ಡರನ್ನು ತಂದು ಬಾಗಿಲ ಸಂದಿಗೆ ಹಿಡಿದ. ಒಂದೊಂದು ಕತ್ತರಿಗೂ ಅದರ ಪುಟ್ಟ ಪರದೆಯ ಮೇಲೆ ಹಸಿರು ಪಟ್ಟಿ ಎದ್ದು ಬೀಳುತ್ತಿತ್ತು. ಟೇಕಿನಲ್ಲಿ ಬಂದದ್ದಕ್ಕಿಂತ ಸದ್ದು ಇಲ್ಲೇ ಚೆನ್ನಾಗಿ ಬರುತ್ತಿತ್ತು.