ಸುಡ್ಲಿ ಆ ದಿಮ್ಮಿ

ಬೀರಣ್ಣ ಎತ್ತಿದ ಕೊಡಲಿ ಇಳಿಯುವ ಮೊದಲೇ ರೇಣಮ್ಮ ದಿಮ್ಮಿಯ ಮೇಲೆ ಅಂಗೈ ಊರಿದಳು.

“ಕಡೀಪಾ ಮೈದುನ, ಕಡಿ. ಮದಲ ಈ ಕೈ ಕಡಿ. ಆಮ್ಯಾಲ ಕಟಿಗಿ.”

“ವೈನಿ, ಕೈ ತಗಿ. ಅಣ್ಣನ ಕಡೀ ಮಾತದು. ನಡಸಬೇಕೋ ಬ್ಯಾಡೋ?”

ಅಣ್ಣ ಮಲ್ಕಪ್ಪ ಎರಡು ಮಾರು ದೂರದಲ್ಲೇ ಕೂತಿದ್ದ. ಸ್ನಾನ ಆಗಿತ್ತು, ಹೊಸ ಧೋತರ ಉಡಿಸಿದ್ದರು, ಹಣೆಗೆ ಭಂಡಾರ ಬಳಿದಿದ್ದರು, ವಾಲಬಾರದೆಂದು ಶಲ್ಯದಿಂದ ಕಟ್ಟೆಯ ಕಂಬಕ್ಕೆ ಕಟ್ಟಿದ್ದರು. ಸತ್ತವರನ್ನು ಹಲಗೆಯ ಮೇಲೆ ಕೂರಿಸುವುದು ಆ ಓಣಿಯ ರೂಢಿ. ಮಲ್ಕಪ್ಪನ ಮನೆಯಲ್ಲಿ ಹಲಗೆ ಇರಲಿಲ್ಲ. ಹಲಗೆಯಾಗಲು ಏಳೂವರೆ ವರ್ಷದಿಂದ ಕಾಯುತ್ತಿದ್ದ ಎರಡು ಸಾಗವಾನಿ ದಿಮ್ಮಿ ಅಂಗಳದಲ್ಲಿದ್ದವು. ಅವುಗಳಲ್ಲಿ ಒಂದರ ಮೇಲೆ, ಬದುಕಿದ್ದಾಗ ಕೂರುತ್ತಿದ್ದ ಜಾಗದಲ್ಲೇ, ಅವನನ್ನು ಕೂರಿಸಿದ್ದರು. ಇನ್ನೊಂದರ ಮುಂದೆ ಈ ಜಗಳ.

“ನಿನ್ನಿ ಸಂಜೀಮುಂದ ಇಲ್ಲೇ ಕುಂತು ‘ಸುಡ್ಲಿ ಆ ದಿಮ್ಮಿ’ ಅಂದ, ಕುತ್ತಿಗಿ ಚೆಲ್ಲಿದ. ನಾ ಈ ಕಿವೀಲೆ ಕೇಳೇನಿ. ಸುಡು ಅಂದಾನ, ಸುಡಬೇಕು. ಸುಮ್ನ ಒಲಿಗೆ ಇಟ್ರ ಏನ್ ಬಂತು? ಇವುಗಳ ಮ್ಯಾಲೇ ಅಣ್ಣನ್ನ ಸುಡೋಣು” ಎಂದ ಬೀರಣ್ಣ.

ಎದುರು ಮನೆಯ ಶಂಕ್ರಮ್ಮ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿದಳು. “ಎಪ್ಪಾ! ಹಾಲುಮತದಾಗ ಸುಡೋರು ಯಾರೋ? ನಮ್ಮೊಳಗ ಕುಂದ್ರಿಸಿ ಹೂಳೂದು. ಕುಣಿ ತೋಡಾಕ ಮಂದಿ ಹೊಳೀ ದಂಡಿಗಿ ಹೋಗಿ ಒಂದು ತಾಸಾತು.”

“ಕುಣಿ ಮುಚ್ಚಾಕ ಹೇಳ್ರಿ.”

“ಮುಚ್ಚೂದು ನಿನ್ನ ಬಾಯಿ” ಎಂದಳು ರೇಣಮ್ಮ. “ಇದು ನನ್ನ ಬಾಗಲಾ ಐತಿ.”

ಆಕೆಯ ಬೆನ್ನ ಹಿಂದಿನ ಮನೆಗೆ ಬಾಗಿಲಿರಲಿಲ್ಲ. ಚೌಕಟ್ಟಿಲ್ಲದ ಮಣ್ಣಿನ ಬಾಯಿ, ಅದಕ್ಕೆ ಅಡ್ಡ ಜೋಳದ ದಂಟಿನ ತಟ್ಟಿ.

* * *

ಪೋಲೀಸ್ ಆ್ಯಕ್ಷನ್ನಿಗೆ ಮೊದಲಿನ ಬೇಸಿಗೆ. ರಜಾಕಾರರು ಬಂದರು, ಇಲ್ಲ ಬರಾಕತ್ತಾರ, ಇಲ್ಲ ಕೊಂಕಲ್ ದಾಟ್ಯಾರ ಎಂಬ ಸುದ್ದಿಗೆ ಶಿರವಾಳ ಊರೆಲ್ಲ ಅಗುಳಿ ಹಾಕಿ ಕೂತಿತ್ತು. ಮಲ್ಕಪ್ಪ ಕುರಿ ಹಿಂಡಿನ ಜತೆ ಅಡವಿಯಲ್ಲಿ ಸಿಕ್ಕಿಬಿದ್ದಿದ್ದ. ರೇಣಮ್ಮ ಮಗಳು ಅಂಬವ್ವನನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, ಮೂರು ದಿನ ಆ ತಟ್ಟಿಯನ್ನು ಒಳಗಿನಿಂದ ಕೈಯಲ್ಲಿ ಹಿಡಿದು ನಿಂತಳು. ಯಾರೂ ಬರಲಿಲ್ಲ. ನಾಲ್ಕನೆಯ ದಿನ ಗಂಡ ಬಂದಾಗ ಬೆರಳು ಬಿಚ್ಚಲು ಆಗಲಿಲ್ಲ.

ಅವನು ಆಕೆಯ ಅಂಗೈಯಿಂದ ಒಂದೊಂದೇ ಸಿಬಿರು ಕೀಳುತ್ತ, “ಸುಡ್ಲಿ ಈ ತಟ್ಟಿ. ನಿನಗ ಬಾಗಲಾ ಮಾಡಸ್ತೇನಿ. ಸಾಗವಾನೀದು” ಎಂದ.

ಮರುವರ್ಷ ಭೀಮಾ ಹೊಳೆ ಮಹಾಪೂರದಲ್ಲಿ ಎಲ್ಲಿಂದಲೋ ಎರಡು ದಿಮ್ಮಿ ತಂದಿತು. ಮಲ್ಕಪ್ಪ ಸೊಂಟಕ್ಕೆ ಪುಂಡಿ ಹಗ್ಗ ಬಿಗಿದು ನೀರಿಗೆ ಹಾರಿದ. ಬೀರಣ್ಣ ದಂಡೆಯಲ್ಲಿ ಹಗ್ಗ ಹಿಡಿದು ಬೈದ. ಎರಡೂ ದಿಮ್ಮಿ ಬಂದವು, ಅಣ್ಣನೂ ಬಂದ.

ಬಂದದ್ದೇ ಬಂತು. ಹೆಸರು ಸಾಗವಾನಿ, ಅಂಗಳದಿಂದ ಒಂದು ಮೊಳ ಸಾಗಲಿಲ್ಲ. ಮೊದಲ ವರ್ಷ, ಹಸಿ ಇದೆ, ಒಣಗಲಿ. ಎರಡನೆಯ ವರ್ಷ, ಧಣಿ ಯಾರಾದರೂ ಹುಡುಕಿ ಬಂದರೆ? ಮೂರನೆಯ ವರ್ಷ ಅರಣ್ಯದವರ ಜಂಗಲಾತ್ ಕಚೇರಿಗೆ ಉರ್ದುವಿನಲ್ಲಿ ಅರ್ಜಿ. ಅರ್ಜಿ ಓದುವವರು ಬದಲಾದರು, ಆಮೇಲೆ ಕಚೇರಿ ಬದಲಾಯಿತು, ಆಮೇಲೆ ಅರ್ಜಿಯ ಭಾಷೆಯೇ ಬದಲಾಯಿತು. ನಡುವೆ ಬೀರಣ್ಣನದೊಂದು ರಾಗ: “ನೀರುಂಡ ಕಟಿಗಿ. ಕೊಯ್ಸಿದ್ರ ಬಿರೀತದ. ಅಂಬವ್ವನ ಮದಿವಿ ಅಡಗಿಗೆ ಸುಟ್ಟು ಬಿಡು.” ಅಂಬವ್ವ ಮದುವೆಯಾಗಿ ಕಕ್ಕೇರಾಕ್ಕೆ ಹೋದಳು. ಅಡುಗೆ ಬೆರಣಿಯಲ್ಲೇ ಆಯಿತು. ಕೊಯ್ಯಲೂ ಇಲ್ಲ, ಸುಡಲೂ ಇಲ್ಲ. ಏಳೂವರೆ ವರ್ಷ. ಶನಿಯಾದರೂ ಅಷ್ಟರಲ್ಲಿ ಎದ್ದು ಹೋಗುತ್ತಾನೆ.

ಯಾದಗಿರಿಯಲ್ಲಿ ಮರ ಕೊಯ್ಯುವ ಆರಾ ಮಶೀನಿನ ಫಕೀರಸಾಬ ಮಲ್ಕಪ್ಪನ ದೋಸ್ತ. ಕರೆದಾಗಲೆಲ್ಲ ಬಂದು, ಕೆಂಪು ಪುಡಿ ಮೆತ್ತಿದ ದಾರವನ್ನು ದಿಮ್ಮಿಯುದ್ದಕ್ಕೂ ಬಿಗಿದು, ಮೀಟಿ, ಕೊಯ್ಯುವ ಗೆರೆ ಹೊಡೆದು ಹೋಗುತ್ತಿದ್ದ. ಮಲ್ಕಪ್ಪ ಮರುದಿನ ಹೋಗಿ ಗೆರೆಯ ಮೇಲೇ ಕೂರುತ್ತಿದ್ದ. ಓಣಿಯ ಮಂದಿ ಅವನ ಅಕ್ಕಪಕ್ಕ ಕೂರುತ್ತಿದ್ದರು. ಗೆರೆ ಧೋತರಕ್ಕೆ ಬರುತ್ತಿತ್ತು, ಧೋತರ ಹೊಳೆಗೆ ಬರುತ್ತಿತ್ತು, ಒಗೆಯುವ ಪಾಳಿ ರೇಣಮ್ಮನದು.

“ಆರಾ ಮಶೀನಿಗೆ ಹಾಕಿದ್ರ ನನ್ನ ಆರಾಮ ಹೋಗ್ತದಲೇ” ಎನ್ನುತ್ತಿದ್ದ ಮಲ್ಕಪ್ಪ.

ಮೊನ್ನೆ ನವೆಂಬರಿನಲ್ಲಿ ನಾಡು ಒಂದಾಯಿತೆಂದು ಶಾಲೆಯಲ್ಲಿ ಪೇಢೆ ಹಂಚಿದರು. ಮಲ್ಕಪ್ಪ ದಿಮ್ಮಿಯ ಮೇಲೆ ಕೂತು ಅರ್ಧ ಪೇಢೆ ಹೆಂಡತಿಗೆ ಕೊಟ್ಟ. ಆಕೆ ಬಾಯಿಗೆ ಹಾಕಿಕೊಳ್ಳದೆ ಕೇಳಿದಳು:

“ಹರಕೊಂಡಿದ್ದ ನಾಡೇ ಒಂದಾತಂತ. ಒಂದಾಗಿ ಬಿದ್ದ ದಿಮ್ಮಿ ಎರಡ ಮಾಡಾಕ ನಿನ್ನಿಂದ ಆಗವಲ್ದು?”

ಅದು ನಾಟಿರಬೇಕು. ಎರಡು ತಿಂಗಳು ತಡವಾಗಿ ನಾಟಿತು. ಮೊನ್ನೆ ಅವನೇ ಹೇಳಿಕಳಿಸಿದ. ನಿನ್ನೆ ಫಕೀರಸಾಬ ಬಂಡಿ ಹೂಡಿಕೊಂಡೇ ಬಂದ.

* * *

ಆ ಬಂಡಿ ಇನ್ನೂ ಬೇವಿನ ಮರದಡಿ ನಿಂತಿತ್ತು. ಫಕೀರಸಾಬ ಅದರ ನೊಗದ ಹತ್ತಿರ ತಲೆತಗ್ಗಿಸಿ ಕೂತಿದ್ದ.

“ಸಾಬಣ್ಣ, ನೀ ಹೇಳು” ಎಂದಳು ರೇಣಮ್ಮ. “ನಿನ್ನಿ ನೀ ಇಲ್ಲೇ ಇದ್ದಿ. ಏನಂದ ಅವ?”

ಫಕೀರಸಾಬ ಎದ್ದು ನಿಂತ. “ಗೆರಿ ಹೊಡದೆ, ಭಾಬಿ. ‘ನಾಳಿಗೆ ಒಯ್ಲೇನೋ?’ ಅಂತ ಕೇಳಿದೆ. ಅವ ಕುಂತ. ‘ಸುಡ್ಲಿ ಆ ದಿಮ್ಮಿ’ ಅಂದ. ಅಷ್ಟೇ. ಖರೇ ಅಂದ್ರ ಅಷ್ಟೇ.”

“ಕೇಳಿದ್ರಿಲ್ಲ?” ಬೀರಣ್ಣ ಕೊಡಲಿ ಸರಿಮಾಡಿಕೊಂಡ.

“ಎಲ್ಲಾರ ಒಳಗ ನಿನಗೊಬ್ಬನಿಗೇ ಇವತ್ತ ಖರೇ ಹೇಳಬೇಕಾಗಿತ್ತೇನೋ ಸಾಬಣ್ಣ?” ರೇಣಮ್ಮ ಹಣೆ ಬಡಿದುಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ಆತು. ಅವ ಸುಡ್ಲಿ ಅಂದದ್ದೆಲ್ಲಾ ಸುಡೋಣು. ಶಂಕ್ರಮ್ಮ, ನಿನ್ನ ಟಗರಿಗೆ ಏನಂತಿದ್ದ?”

“ಸುಡ್ಲಿ ಅಂತಿದ್ದ” ಎಂದಳು ಶಂಕ್ರಮ್ಮ ಸಣ್ಣ ದನಿಯಲ್ಲಿ. “ದಿನಾ ಹೊತ್ತು ಮುಣಗಿದ ಮ್ಯಾಲೆ ಅವನೇ ಹುಡುಕಿ ಹೊಡಕೊಂಡು ಬರ್ತಿದ್ದ.”

“ಟಗರು ಹಿಡಕೊಂಡ ಬಾ. ಪರಮಣ್ಣ ಮಾವ, ನಿನ್ನ ಕೆಮ್ಮಿಗೆ?”

ಕಟ್ಟೆಯ ಮೇಲಿನ ಮುದುಕ ಪರಮಣ್ಣ ಕೆಮ್ಮು ನುಂಗಿಕೊಂಡ. “ಸುಡ್ಲಿ ನಿನ್ನ ಕೆಮ್ಮು, ಕಷಾಯ ಕುಡಿ ಅಂತಿದ್ದವಾ.”

“ನೀನೂ ಬಾ. ಭೀಮಾ ಹೊಳಿಗೆ ಅಂತಿದ್ದ, ಕಚೇರಿಗೆ ಅಂತಿದ್ದ, ನಾ ಮಾಡಿದ ಝುಣಕಾಕ್ಕ ಎರಡ ಸಲ ಅಂತಿದ್ದ, ಮೂರನೇ ಸಲ ನೀಡಿಸಿಕೊಂತಿದ್ದ. ಇನ್ನ ಹಾಲುಮತದವರೆಲ್ಲಾ ಕಿವಿಗೊಟ್ಟು ಕೇಳ್ರಿ, ಇವಗ ಏನಂತಿದ್ದ.” ಬೀರಣ್ಣನ ಎದುರು ನಿಂತಳು. “ನೀ ಅಣ್ಣನ ಕೂಡ ಜಗಳಾಡಿ ಬ್ಯಾರೆ ಹೋದಿ ನೋಡು, ಒಂದ ವರ್ಷ. ದಿನಾ ರಾತ್ರಿ ಗಂಗಾಳದ ಮುಂದ ಕುಂತು ಅದೇ ಮಾತು. ‘ಸುಡ್ಲಿ ಆ ಬೀರ್ಯಾ. ಉಂಡಾನೇನು ಕೇಳಿ ಬಾ.’”

ಬೀರಣ್ಣ ಕೊಡಲಿ ಕೆಳಗಿಳಿಸಿದ.

“ನಾ ಬರ್ತಿದ್ನಿ. ತಟ್ಟಿ ಸರಿಸಿಟ್ಟು, ಮನಿ ಬಾಯಿ ತಕ್ಕೊಂಡಂಗ ಬಿಟ್ಟು ಬರ್ತಿದ್ನಿ. ನೀ ‘ಉಂಡೇನಿ’ ಅಂತ ಒಳಗಿಂದ ಅಂತಿದ್ದಿ. ನಿನ್ನ ಮನಿಗೆ ಬಾಗಲಾ ಇತ್ತು.”

ಕೊಡಲಿ ಬೀರಣ್ಣನ ಕೈಯಿಂದ ಜಾರಿ, ಕಾಲಿನ ಪಕ್ಕ ನೆಲ ಹಿಡಿಯಿತು. ಹೊಳೆಯ ಕಡೆಯಿಂದ ಒಬ್ಬ ಬಂದು ಕುಣಿ ಆಯಿತೆಂದ.

“ಹೂಳೋಣು” ಎಂದ ಬೀರಣ್ಣ, ಯಾರ ಮುಖವನ್ನೂ ನೋಡದೆ. “ಎತ್ರಿ.”

ಶಲ್ಯ ಬಿಚ್ಚಿದರು. ನಾಲ್ವರು ಕೈ ಹಾಕಿದರು. ಮಲ್ಕಪ್ಪ ಕೂತ ಭಂಗಿಯಲ್ಲೇ ಮೇಲೆದ್ದ, ಹಿಂದೆ ನಿಂತಿದ್ದ ಹೆಂಗಸರ ಅಳು ಫಕ್ಕನೆ ನಿಂತಿತು. ಹೊಸ ಧೋತರದ ಹಿಂಭಾಗದಲ್ಲಿ ಕೆಂಪು ಗೆರೆ, ನೆಟ್ಟಗೆ. ದಿಮ್ಮಿಯ ಮೇಲೆ ನಿನ್ನೆ ಹೊಡೆದ ಗೆರೆ ಆಚೆ ಇತ್ತು, ಈಚೆ ಇತ್ತು, ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗದಲ್ಲಿ ಗೆರೆಯೇ ಇರಲಿಲ್ಲ.

ಶಂಕ್ರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

“ಹೋಗೂಮುಂದೂ ಅಳಿಸೇ ಹೊಂಟಾನ ನೋಡ್ರಿ” ಎಂದಳು ರೇಣಮ್ಮ. “ಸುಡ್ಲಿ ಇವನ...”

ಆಕೆ ಮೂಗೊರೆಸಿಕೊಂಡು ಬಂಡಿಯ ಕಡೆ ತಿರುಗಿದಳು.

“ಸಾಬಣ್ಣ, ಇನ್ನೊಮ್ಮಿ ಹೊಡಿ ದಾರ.”

“ಈಗೇನು ಭಾಬಿ? ಮಣ್ಣ ಮಾಡಿ ಬಂದ ಮ್ಯಾಲ...”

“ಈಗ. ಅವ ಇಲ್ಲಿ ಇರೂತನಾ ಹೊಡಿ.”

ಫಕೀರಸಾಬ ದಾರದ ಉಂಡೆ ತಂದು, ಕೆಂಪು ಪುಡಿಯಲ್ಲಿ ಎಳೆದು, ಒಂದು ತುದಿಯನ್ನು ದಿಮ್ಮಿಗೆ ಒತ್ತಿ ಹಿಡಿದ. ಇನ್ನೊಂದು ತುದಿಗೆ ಜನ ಬೇಕಿತ್ತು. ಬೀರಣ್ಣ ಬಂದು ಮಂಡಿಯೂರಿ ಹಿಡಿದ, ಹೊಳೆಯಲ್ಲಿ ಹಗ್ಗ ಹಿಡಿದ ಹಾಗೆ, ಎರಡೂ ಕೈಯಲ್ಲಿ.

ದಾರ ಟಣ್ಣೆಂದಿತು.

ಎತ್ತಿದವರ ತೋಳಲ್ಲಿ ಮಲ್ಕಪ್ಪ ಹಾಗೇ ಇದ್ದ, ಮೊಣಕಾಲು ಮಡಿಸಿಕೊಂಡು, ಇನ್ನೊಮ್ಮೆ ಕೂರಲು ಹೊರಟವನ ಹಾಗೆ. ರೇಣಮ್ಮ ದಿಮ್ಮಿಗೂ ಅವನಿಗೂ ನಡುವೆ ಬಂದು, ಎರಡೂ ಕೈ ಅಗಲಿಸಿ ನಿಂತಳು.