ಬೆಂದದ್ದು ಎಲೆಗೆ ಬಿದ್ದರೆ

ಇಲ್ಲ ಎನ್ನದೆಯೇ ಇಲ್ಲ ಮಾಡುವುದರಲ್ಲಿ ನನ್ನ ಸೋದರಮಾವ ಮುನಿರಾಜರನ್ನು ಮೀರಿಸಿದವರು ಬೆಳುವಾಯಿಯಿಂದ ಮೂಡುಬಿದಿರೆಯವರೆಗೆ ಯಾರೂ ಇರಲಿಲ್ಲ. ಏನಾದರೂ ಕೇಳಲು ಬಂದವನಿಗೆ ಬೆಲ್ಲ ನೀರು ಕೊಡಿಸುತ್ತಿದ್ದರು, ಮನೆಮಂದಿಯ ಕ್ಷೇಮ ವಿಚಾರಿಸುತ್ತಿದ್ದರು, ಅಂಗಳದ ತುದಿಯವರೆಗೆ ಬಂದು ಕಳುಹಿಸಿಕೊಡುತ್ತಿದ್ದರು. ಗದ್ದೆಯ ಹುಣಿಯ ಬದು ದಾಟಿ ಅರ್ಧ ದಾರಿ ಹೋದ ಮೇಲಷ್ಟೇ, ಕೇಳಲು ಬಂದದ್ದು ಸಿಗಲಿಲ್ಲವೆಂದು ಆ ಪುಣ್ಯಾತ್ಮನಿಗೆ ಹೊಳೆಯುತ್ತಿತ್ತು.

ನಮ್ಮದು ಅಳಿಯಸಂತಾನದ ಜೈನರ ಮನೆ. ಮನೆ ಹೆಣ್ಣುಮಕ್ಕಳದು, ಮಾತು ಸೋದರಮಾವನದು. ಮದುವೆಯಾದ ಮೇಲೂ ನಾನು ಅಮ್ಮನ ಜೊತೆಯಲ್ಲೇ ಇದ್ದೆ. ನನ್ನ ಗಂಡ ಚಂದ್ರರಾಜರು ಬಂಟ್ವಾಳದಲ್ಲಿ ಶಾಲೆಯ ಮಾಸ್ತರರು. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವ ಗಂಡ. ಹಿಂದಿನವರು ಹಾಗೆಯೇ ಬದುಕಿದರು, ನಿಜ. ನನಗೆ ಅದು ಬೇಡವಾಗಿತ್ತು. ಮಗಳು ಸುಲೋಚನಾ ಹುಟ್ಟಿದ ಮೇಲಂತೂ, ತಂದೆಯನ್ನು ಕಂಡರೆ ನೆಂಟರನ್ನು ಕಂಡಂತೆ ನನ್ನ ಸೆರಗಿನ ಹಿಂದೆ ಅಡಗುವ ಆ ಮಗುವನ್ನು ನೋಡಿ ನನ್ನ ಮೈ ಉರಿಯುತ್ತಿತ್ತು.

ಬಂಟ್ವಾಳದಲ್ಲಿ ಒಂದು ಬಾಡಿಗೆಯ ಮನೆ ನೋಡಿದ್ದೇನೆ, ಹೆಂಡತಿ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದು ಇವರು ಹೇಳಿದಾಗ ಮಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಕೇಳುವ ಕ್ರಮದಲ್ಲಿ ಕೇಳಿ ಮಾಷ್ಟ್ರೇ," ಎಂದರು. "ಮಗುವಿನ ಒಂದು ವರ್ಷದ ಹುಟ್ಟುಹಬ್ಬಕ್ಕೆ ನಿಮ್ಮ ತಾಯಿ ಬರಲಿ. ಈ ಮನೆಯಲ್ಲಿ ಉಣ್ಣಲಿ. ಉಂಡು ವೀಳ್ಯ ಹಿಡಿದು ಅವರ ಬಾಯಿಯಿಂದಲೇ ಕೇಳಲಿ. ಆಗ ಇಲ್ಲ ಅನ್ನುವ ಜನ ನಾನಲ್ಲ."

"ಅಷ್ಟೇ ಅಲ್ಲವಾ?" ಎಂದರು ಇವರು, ಖುಷಿಯಾಗಿ.

"ಅಷ್ಟೇ. ಒಲೆಯಲ್ಲಿ ಬೆಂದದ್ದು ಎಲೆಗೆ ಬೀಳದೆ ವೀಳ್ಯ ಇಲ್ಲ. ಅದು ನಮ್ಮ ಮನೆಯ ಕ್ರಮ."

ನನ್ನ ಅತ್ತೆ ರಾಜಮತಿಯಮ್ಮ ಬೆಳ್ತಂಗಡಿಯವರು. ನನಗೂ ಅವರಿಗೂ ಅಷ್ಟಕ್ಕಷ್ಟೆ. ಮದುವೆಯ ದಿನವೇ ನನ್ನ ಕೈ ಹಿಡಿದು ತಿರುಗಿಸಿ ನೋಡಿ, "ಕೆಲಸ ಮಾಡಿದ ಕೈ ಅಲ್ಲ ಇದು," ಎಂದಿದ್ದರು. ಗಂಡ ತೀರಿಕೊಂಡ ಮೇಲೆ ದಿನಕ್ಕೆ ಒಂದೇ ಊಟದ ವ್ರತ ಹಿಡಿದ ಹೆಂಗಸು. ಆ ಒಂದು ಊಟ ಬಿಟ್ಟರೆ ಬಾಯಿಗೆ ಒಂದು ಅವಲಕ್ಕಿ ಕಾಳೂ ಹಾಕುವವರಲ್ಲ. ಜೊತೆಗೆ ಭಾರೀ ಅಭಿಮಾನಿ. ಒಮ್ಮೆ ತಂಗಿಯ ಮನೆಯಲ್ಲಿ ಎಲೆ ಹಾಕಿ ಕಾಯಿಸಿದರೆಂದು ಎದ್ದು ಬಂದವರು, ಆ ತಂಗಿ ಸತ್ತಾಗಲೂ ಆ ಮೆಟ್ಟಿಲು ಹತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು.

ಹುಟ್ಟುಹಬ್ಬ ಡಿಸೆಂಬರಿನ ಒಂದು ಶನಿವಾರ ಬಂತು. ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ. ಏನು ಅಡಿಗೆ ಮಾಡುವುದೆಂದು ಎರಡು ದಿನ ಮುಂಚೆ ಜಗಲಿಯಲ್ಲಿ ಮಾತಾಯಿತು. ಮಾವ ಒರಗುಕುರ್ಚಿಯಲ್ಲಿ, ಸುಲೋಚನಾ ಅವರ ಮಡಿಲಲ್ಲಿ. ಮಗು ಅವರ ಹೆಬ್ಬೆರಳು ಹಿಡಿದೇ ನಡೆಯಲು ಕಲಿತದ್ದು. ಅದನ್ನು ಸುಳ್ಳು ಎನ್ನಲಾರೆ.

"ಅನ್ನ, ಸಾರು, ಒಂದು ಪಲ್ಯ, ಹೆಸರುಬೇಳೆ ಪಾಯಸ. ಬಾಳೆಹಣ್ಣಿನ ರಸಾಯನ. ಸಣ್ಣ ಮಕ್ಕಳಿಗೆ ಬೆಲ್ಲದ ಅವಲಕ್ಕಿ. ಮಧ್ಯಾಹ್ನಕ್ಕೆ ಮುಗಿಸುವ," ಎಂದೆ.

"ಅವಲಕ್ಕಿ ಹಂಚಲಿಕ್ಕೆ ಇದೇನು ಭಜನೆಯಾ?" ಎಂದರು ಮಾವ. "ಮತ್ತೆ ಮಧ್ಯಾಹ್ನಕ್ಕೆ ನಿನ್ನ ಗಂಡ ಬಂಟ್ವಾಳದಿಂದ ಹಾರಿ ಬರ್ತಾರಾ? ಶನಿವಾರ ಅರ್ಧ ದಿನ ಶಾಲೆ ಉಂಟಲ್ಲ. ನಾಲ್ಕು ಗಂಟೆಗೆ ಎಲೆ ಹಾಕುವ."

ಗಂಡನ ಬಗ್ಗೆ ಅವರು ಯೋಚಿಸಿದ್ದು ಅದೇ ಮೊದಲು. ನಾನು ನಂಬಿದೆ.

"ಹೋಳಿಗೆ ಆಗಬೇಕು," ಎಂದರು. "ಸೇಮಿಗೆ ಒತ್ತಿಸುವ, ಕಾಯಿಹಾಲಿನ ಜೊತೆ. ಹಾಲುಬಾಯಿ ಆಗಬೇಕು. ನಿನ್ನ ಅತ್ತೆ ಮೊದಲ ಸಲ ಉಣ್ಣಲಿಕ್ಕೆ ಬರುವುದು. ಕುಚ್ಚಲಕ್ಕಿ ಅನ್ನ ಬಿಸಿಬಿಸಿ ಬಡಿಸಬೇಕು. ಅಕ್ಕಿ ಕಡೆಗೇ ಒಲೆಗೆ ಹೋಗಲಿ."

"ಇಷ್ಟೆಲ್ಲ ಹೊತ್ತಿಗೆ ಆಗ್ತದಾ ಅಣ್ಣ?" ಎಂದರು ಅಮ್ಮ.

"ಅಡಿಗೆಯ ಪದ್ಮಯ್ಯ ಇದ್ದಾನೆ," ಎಂದು ಮಾವ ಮಾತು ಮುಗಿಸಿದರು. ಅಮ್ಮ ಬಾಯಿ ಮುಚ್ಚಿದರು. ಅಣ್ಣನ ಎದುರು ಅವರ ಬಾಯಿ ತೆರೆದಿರುವುದು ಒಂದು ಮಾತಿನಷ್ಟು ಹೊತ್ತು ಮಾತ್ರ.

ಶನಿವಾರ ಅತ್ತೆ ವೇಣೂರಿನ ದಾರಿಯಾಗಿ ಬರುವ ಬಸ್ಸಿನಲ್ಲಿ ಹನ್ನೆರಡಕ್ಕೇ ಬಂದರು. ಬೆಳಗ್ಗಿನಿಂದ ನೀರು ಬಿಟ್ಟು ಏನೂ ಇಲ್ಲ. ಆ ದಿನದ ಒಂದು ಊಟ ಮೊಮ್ಮಗಳ ಹುಟ್ಟುಹಬ್ಬದ್ದೇ ಎಂದು ಇಟ್ಟುಕೊಂಡು ಬಂದಿದ್ದರು. ಜಗಲಿಯಲ್ಲಿ ಗೋಡೆಗೆ ಒರಗದೆ ನೆಟ್ಟಗೆ ಕುಳಿತರು. ಇವರು ಮೂರಕ್ಕೆ ಬಂದರು. ಒಕ್ಕಲಿನ ಹುಕ್ರಪ್ಪ, ರುಕ್ಮಯ್ಯ ಮತ್ತು ಅವರ ಮನೆಯವರು ಅಂಗಳದಲ್ಲಿ ಸೇರಿದರು.

ಅಡಿಗೆಯ ಕೋಣೆಗೆ ಹೋಗಿ ನೋಡಿದರೆ ಪದ್ಮಯ್ಯ ಅಕ್ಕಿಹಾಲು ಬೆಲ್ಲದ ಹಾಲುಬಾಯಿ ತಿರುವುತ್ತಾ ಕುಳಿತಿದ್ದಾನೆ. ಇನ್ನೊಂದು ಒಲೆಯಲ್ಲಿ ಸೇಮಿಗೆಯ ನೀರು. ಹೋಳಿಗೆಯ ಕಡಲೆಬೇಳೆ ಒಲೆ ಕಾಣದೆ ಪಾತ್ರೆಯಲ್ಲಿ ಕುಳಿತಿದೆ.

"ಇದೇನು ಪದ್ಮಯ್ಯ? ಬೇಳೆ ಇನ್ನೂ ಬೇಯಿಸಲಿಲ್ಲವಾ?"

"ಗಂಟೆ ಮೂರೂವರೆ ಕಳೆದ ಮೇಲೆ ಇಡು ಅಂದಿದ್ದಾರಲ್ಲ ಯಜಮಾನ್ರು. ಅಕ್ಕಿ ಅದರ ನಂತರ."

ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕೆಂದು ಆ ಮನೆಯ ಬೆಕ್ಕಿಗೂ ಗೊತ್ತು. ಆದರೂ ನನ್ನ ಮಂದಬುದ್ಧಿಗೆ ಆಗಲೂ ಪೂರ್ತಿ ಹೊಳೆಯಲಿಲ್ಲ. ಮಾವನನ್ನು ಹುಡುಕಿಕೊಂಡು ಹಿಂದಿನ ಕೋಣೆಗೆ ಹೋದೆ. ಅವರು ಮಣೆ ಹಾಕಿ ಕುಳಿತು ಮಧ್ಯಾಹ್ನದ ಗಂಜಿ ಉಣ್ಣುತ್ತಿದ್ದರು. ದೊಡ್ಡ ಬಟ್ಟಲಿನ ತುಂಬ ಗಂಜಿ, ಮಾವಿನಮಿಡಿ. ಹಬ್ಬದ ದಿನ ಬೆಳಗ್ಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಎಲೆಯ ಮುಂದೆ ಕುಳಿತುಕೊಳ್ಳುವ ಮನುಷ್ಯ, ಹೋಳಿಗೆಯೂಟದ ದಿನ ಮೂರೂವರೆಗೆ ಗಂಜಿ ಉಣ್ಣುತ್ತಿದ್ದಾರೆ!

ಆಗ ತಿಳಿಯಿತು. ಊಟ ಇಲ್ಲ. ಅಡಿಗೆ ಉಂಟು, ಊಟ ಇಲ್ಲ. ಹೊತ್ತು ಮುಳುಗಿದ ಮೇಲೆ ಜೈನರಾದ ನಾವು ಯಾರೂ ಉಣ್ಣುವವರಲ್ಲ. ದೀಪ ಹಚ್ಚಿದ ಮೇಲೆ ಹೋಳಿಗೆ ಹಾಲುಬಾಯಿ ಸಾಲಾಗಿ ಬರುತ್ತವೆ, ಒಕ್ಕಲಿನವರು ಹೊಟ್ಟೆ ತುಂಬ ಉಣ್ಣುತ್ತಾರೆ. ಅತ್ತೆ ಹಸಿದು ಎದ್ದು ಹೋಗುತ್ತಾರೆ. ಉಣ್ಣದವರಿಗೆ ವೀಳ್ಯ ಇಲ್ಲ, ವೀಳ್ಯ ಇಲ್ಲದೆ ಮಾತಿಲ್ಲ. ಮತ್ತೆ ಈ ಜನ್ಮದಲ್ಲಿ ಅವರು ಈ ಮೆಟ್ಟಿಲು ಹತ್ತುವುದಿಲ್ಲ. ನಾನು ಮಗುವನ್ನು ಎತ್ತಿಕೊಂಡು ವಾರ ವಾರ ಬಸ್ಸು ಕಾಯುತ್ತಾ ಮುದುಕಿಯಾಗಬೇಕು. ಹೊತ್ತು ಹಿಡಿಯುವ ತಿಂಡಿಗಳನ್ನೇ ಆರಿಸಿ ಆರಿಸಿ ಹೇಳಿದ್ದರು ನನ್ನ ಮಾವ!

"ಮಾವ, ಎಲೆ ಹಾಕುವುದು ಯಾವಾಗ?"

"ಆಗ್ತದೆ ಮಗಾ. ಒಳ್ಳೆ ಅಡಿಗೆಗೆ ಹೊತ್ತು ಬೇಕು."

"ನಿಮಗೆ ಮಾತ್ರ ಹೊತ್ತಿಗೆ ಸರಿಯಾಗಿ ಹಸಿವಾಯಿತಾ?"

ಅವರು ಬಟ್ಟಲಿನಿಂದ ತಲೆ ಎತ್ತಲಿಲ್ಲ. "ತಡವಾಯಿತು, ಏನು ಮಾಡುವುದು," ಎಂದು ಮಿಡಿ ಕಚ್ಚಿದರು.

ಇವರನ್ನು ಬಾವಿಕಟ್ಟೆಯ ಹತ್ತಿರ ಕರೆದು ಹೇಳಿದೆ. "ಹೋಗಿ ಜೋರು ಮಾಡಿ ಕೇಳಿ."

"ಅಡಿಗೆ ತಡವಾದದ್ದಕ್ಕೆ ಜಗಳ ಮಾಡ್ಲಿಕ್ಕೆ ಆಗ್ತದಾ ವಿಮಲಾ? ಬೇಕೆಂತಲೇ ಮಾಡಿದ್ದು ಅಂತ ಹೇಗೆ ಹೇಳುವುದು?"

"ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಹೊಡೀತೀರಲ್ಲ, ಆಗ ಎಲ್ಲಿಂದ ಬರ್ತದೆ ನಿಮ್ಮ ಧೈರ್ಯ?" ಎಂದೆ. ಇವರು ಬಾವಿಯೊಳಗೆ ಇಣುಕಿದರು. ಅಲ್ಲೇನು ಧೈರ್ಯ ಬಿದ್ದಿತ್ತೋ!

ಐದು ಗಂಟೆ ದಾಟಿತು. ಅಂಗಳದ ಬಿಸಿಲು ತುಳಸಿಕಟ್ಟೆಯಿಂದ ಮೇಲೆ ಹೋಗಿ ಮಾಡಿನ ಹಂಚಿಗೆ ಏರಿತು. ಡಿಸೆಂಬರಿನ ಹೊತ್ತು, ನೋಡುನೋಡುತ್ತಲೇ ಇಳಿಯುತ್ತದೆ. ಒಳಗಿಂದ ಬೇಳೆ ರುಬ್ಬುವ ಸದ್ದು ಬರುತ್ತಿತ್ತು. ಮಾವ ತೇಗಿ, ಶಲ್ಯ ಹೊದ್ದು ಜಗಲಿಗೆ ಬಂದರು.

"ಸ್ವಲ್ಪ ತಡವಾಯಿತು ರಾಜಮತಿಯಮ್ಮ. ಅಷ್ಟರವರೆಗೆ ಬಾಳೆಹಣ್ಣು ತೆಗೆದುಕೊಳ್ಳಿ."

"ಬೇಡ. ನಾನು ಊಟಕ್ಕೆ ಬಂದವಳು," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನಿಮ್ಮ ಮನೆಯಲ್ಲಿ ಸೂರ್ಯ ಮುಳುಗುವುದಿಲ್ಲವಾ?" ಎಂದರು.

ನನಗೆ ಸಾಯುವಷ್ಟು ಅವಮಾನವಾಯಿತು. ಮಾವನ ಮೇಲಿನ ಸಿಟ್ಟು, ಗಂಡನ ಮೇಲಿನ ಸಿಟ್ಟು, ಈ ಹೆಂಗಸಿನ ನಾಲಗೆಯ ಮೇಲಿನ ಸಿಟ್ಟು, ಎಲ್ಲ ಒಟ್ಟಾಗಿ ತಲೆಗೇರಿತು. ಅತ್ತೆ ಎದ್ದು ನಿಂತು ಸೆರಗು ಸರಿ ಮಾಡಿಕೊಂಡರು. "ಚಂದ್ರ, ಬಸ್ಸು ಎಷ್ಟು ಗಂಟೆಗೆ?" ಎಂದರು ಮಗನಿಗೆ. ಮಾವನ ಮುಖದಲ್ಲಿ ಗಾಬರಿಯ ಒಂದು ಗೆರೆಯೂ ಇರಲಿಲ್ಲ.

ಅಷ್ಟರಲ್ಲಿ ಸುಲೋಚನಾ ಹಸಿದು ಅಳತೊಡಗಿದಳು. ಮಧ್ಯಾಹ್ನ ಅವಳಿಗೆಂದು ನಾನು ರಾಗಿ ಮಣ್ಣಿ ಮಾಡಿದ್ದೆ. ಒಳಗಿನ ಒಲೆಗಳನ್ನೆಲ್ಲ ಪದ್ಮಯ್ಯ ಹಿಡಿದದ್ದರಿಂದ, ಬಚ್ಚಲಿನ ಹಿಂದೆ ಮೂರು ಕಲ್ಲಿಟ್ಟು, ರಾಗಿಯ ಹಾಲು ಬೆಲ್ಲ ಕಾಯಿಹಾಲು ಹಾಕಿ ಕಾಯಿಸಿ ತಟ್ಟೆಗೆ ಹೊಯ್ದು, ಆರಿಸಿ ತುಂಡು ಮಾಡಿದ್ದು. ಅವಳಿಗೆ ಎರಡು ತುಂಡು ಬೇರೆ ತೆಗೆದು ತಿನ್ನಿಸಿದ್ದೆ. ಉಳಿದದ್ದು ತಟ್ಟೆಯಲ್ಲಿ ಹಾಗೆಯೇ ಇತ್ತು. ಅದನ್ನು ತರಲು ಹೋದವಳು ತಟ್ಟೆ ಹಿಡಿದು ಅಲ್ಲೇ ನಿಂತೆ. ಒಲೆಯಲ್ಲಿ ಬೆಂದದ್ದೇ ತಾನೆ ಇದೂ?

ಕುಡಿ ಬಾಳೆಲೆ ಮೂರು ತಂದೆ. ಎಲ್ಲರೂ ನೋಡುತ್ತಿದ್ದಂತೆ ಜಗಲಿಯಲ್ಲಿ ಹಾಕಿದೆ. ಒಂದು ಮಗುವಿಗೆ, ಒಂದು ಅತ್ತೆಗೆ, ಒಂದು ಇವರಿಗೆ. ಒಂದೊಂದು ಎಲೆಗೂ ಮಣ್ಣಿಯ ತುಂಡುಗಳನ್ನು ಬಡಿಸಿದೆ.

"ಅತ್ತೆ, ಕುಳಿತುಕೊಳ್ಳಿ. ಊಟ ಆಗಿದೆ."

"ಹುಚ್ಚಾ ನಿನಗೆ?" ಎಂದರು ಮಾವ. ಆ ದಿನ ಅವರ ದನಿ ಏರಿದ್ದು ಅದೊಂದೇ ಸಲ. "ದೊಡ್ಡವರ ಎಲೆಗೆ ಮಕ್ಕಳ ಮಣ್ಣಿ ಬಡಿಸ್ತಾರಾ? ಮನೆಯ ಮರ್ಯಾದೆ ತೆಗೀತೀಯಾ?"

"ಹುಟ್ಟುಹಬ್ಬ ಯಾರದ್ದು ಮಾವ? ಅವಳು ಉಣ್ಣುವುದೇ ಇವತ್ತಿನ ಊಟ."

ಅತ್ತೆ ಎಲೆಯನ್ನು ನೋಡಿದರು. ನನ್ನನ್ನು ನೋಡಿದರು. ಹಂಚಿನ ಮೇಲಿನ ಬಿಸಿಲನ್ನು ನೋಡಿದರು. ಅದು ಇನ್ನೂ ಒಂದು ಗೇಣಿನಷ್ಟು ಇತ್ತು. ಆ ಹೊತ್ತಿಗೆ ಒಳಗಿನಿಂದ ಅಮ್ಮ ಬಂದರು, ಕೈಯಲ್ಲಿ ತುಪ್ಪದ ಗಿಂಡಿ. ಅಣ್ಣನ ಮುಖ ನೋಡದೆ, ಬಗ್ಗಿ, ಅತ್ತೆಯ ಎಲೆಗೆ ತುಪ್ಪ ಬಡಿಸಿದರು. ಅರ್ಧ ನೆಲಕ್ಕೆ ಬಿತ್ತು.

ಅತ್ತೆ ಕುಳಿತರು. ಕಣ್ಣು ಮುಚ್ಚಿ ಕೈಮುಗಿದು, ಉಣ್ಣಲು ತೊಡಗಿದರು. ಇವರೂ ಕುಳಿತರು. ಸುಲೋಚನಾ ಅಜ್ಜಿಯ ಎಲೆಗೂ ಕೈ ಹಾಕಿ ಒಂದು ತುಂಡು ಎತ್ತಿದಳು, ಅತ್ತೆ ಬೈಯಲಿಲ್ಲ. ಅತ್ತೆ ಎಲೆಯಲ್ಲಿ ಏನೂ ಬಿಡದೆ ಮುಗಿಸಿ, ಎದ್ದು ಕೈ ತೊಳೆದು ಬಂದು ನೆಟ್ಟಗೆ ನಿಂತರು.

"ಊಟ ಆಯಿತು. ವೀಳ್ಯ ತನ್ನಿ ಮುನಿರಾಜರೇ."

ಮಾವ ನಕ್ಕರು. "ಇದು ಊಟ ಹೇಗೆ ಆಗ್ತದೆ? ಮಗುವಿನ ತಿಂಡಿ."

"ನನ್ನ ವ್ರತ ನಿಮಗೆ ಗೊತ್ತುಂಟಲ್ಲ," ಎಂದರು ಅತ್ತೆ. "ದಿನಕ್ಕೆ ಒಂದು ಊಟ ಬಿಟ್ಟು ನಾನು ಬಾಯಿಗೆ ಬೇರೆ ಏನೂ ಹಾಕುವವಳಲ್ಲ. ಇನ್ನು ನಾನು ಉಣ್ಣುವುದು ನಾಳೆ. ಇದು ಊಟ ಅಲ್ಲ ಅಂತಾದರೆ, ನಾನು ನಿಮ್ಮ ಮನೆಯಲ್ಲಿ ವ್ರತ ಕೆಡಿಸಿಕೊಂಡೆ ಅಂತಾಯಿತು. ಹಾಗೆ ಹೇಳ್ತೀರಾ? ಇಷ್ಟು ಜನರ ಎದುರು ಹೇಳಿ, ಕೇಳುವ."

ಹುಕ್ರಪ್ಪ ಮತ್ತು ರುಕ್ಮಯ್ಯ ಯಜಮಾನರ ಬಾಯಿಯನ್ನೇ ನೋಡುತ್ತಿದ್ದರು. ಅಮ್ಮ ಹರಿವಾಣ ತಂದು ಅಣ್ಣನ ಮುಂದೆ ಹಿಡಿದರು. ಮಾವ ವೀಳ್ಯದೆಲೆಯ ಮೇಲೆ ಅಡಿಕೆ ಇಟ್ಟು ಕೊಟ್ಟರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು: ಸೊಸೆಯನ್ನೂ ಮೊಮ್ಮಗಳನ್ನೂ ಬಂಟ್ವಾಳಕ್ಕೆ ಕಳುಹಿಸಿ ಕೊಡಬೇಕು.

"ಆಗಲಿ," ಎಂದರು ಮಾವ. ಆ ಶಬ್ದ ಅವರ ಗಂಟಲಿನಿಂದ ಹೊರಬಿದ್ದದ್ದನ್ನು ನಾನು ಕಣ್ಣು ತುಂಬ ನೋಡಿದೆ.

ದೀಪ ಹಚ್ಚಿದ ಮೇಲೆ ಹೋಳಿಗೆ ಬಂತು. ಸೇಮಿಗೆ, ಹಾಲುಬಾಯಿ, ಬಿಸಿಬಿಸಿ ಕುಚ್ಚಲಕ್ಕಿ ಅನ್ನ, ಎಲ್ಲ ಬಂತು. ಒಕ್ಕಲಿನವರು ಕೇಳಿ ಕೇಳಿ ಹಾಕಿಸಿಕೊಂಡರು. ಮನೆಯವರಾದ ನಾವು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಮಾವ ಕಂಬ ಹಿಡಿದು ನಿಂತು, ಹೋಳಿಗೆ ಒಂದೊಂದಾಗಿ ಖಾಲಿಯಾಗುವುದನ್ನು ನೋಡುತ್ತಿದ್ದರು.

ಬೆಳಗ್ಗೆ ನಾವು ಹೊರಟೆವು. ಅತ್ತೆ ನನ್ನ ಗಂಟನ್ನು ಎತ್ತಿ ನೋಡಿ, "ಮಣ್ಣಿಗೆ ಬೆಲ್ಲ ಜಾಸ್ತಿಯಾಗಿತ್ತು," ಎಂದು ಮುಂದೆ ನಡೆದರು. ಅಮ್ಮ ಅಳುತ್ತಿದ್ದರು. ಮಾವ ಹೊರಗೆ ಬರಲಿಲ್ಲ. ನಾವು ಗದ್ದೆಯ ಹುಣಿಗೆ ಇಳಿದ ಮೇಲೆ ಹಿಂದಿನಿಂದ ಯಾರೋ ಬರುವ ಸದ್ದಾಯಿತು. ಮಾವ. ಬರಿಗಾಲು, ಮೈಮೇಲೆ ಶಲ್ಯವಿಲ್ಲ. ಕೈಯಲ್ಲಿ ಬಾಳೆಲೆಯ ಕಟ್ಟು.

"ಹಾಲುಬಾಯಿ," ಎಂದರು, ಏದುಸಿರು ಬಿಡುತ್ತಾ. "ಬೆಳಿಗ್ಗೆ ಹೊಸತು ಮಾಡಿಸಿದ್ದು. ಮಗು ನಿನ್ನೆ ತಿನ್ನಲಿಲ್ಲ ಅಲ್ಲವಾ. ಒಂದು ತುಂಡು ನನ್ನ ಕೈಯಿಂದ ತಿನ್ನಿಸಿ ಕಳುಹಿಸುವ ಅಂತ."

ಸುಲೋಚನಾ ನನ್ನ ಹೆಗಲ ಮೇಲಿನಿಂದ ಅವರ ಹೆಬ್ಬೆರಳಿಗೆ ಕೈ ಚಾಚಿದಳು. ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

"ತಡವಾಯಿತು ಮಾವ," ಎಂದೆ. "ಏನು ಮಾಡುವುದು."

ಮಗುವಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ನಾನು ರಸ್ತೆಯ ಕಡೆಗೆ ನಡೆದೆ.