ಸೋಮಲಿಂಗಪ್ಪ ಬಿಗಿದ ಆರು ನಟ್ಟು

ಸೋಮಲಿಂಗಪ್ಪನ ಬೊಲೆರೊ ಬಸವೇಶ್ವರನಗರದ ಆ ರಸ್ತೆಯವರಿಗೆಲ್ಲ ಗುರುತು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದಾಗ ಕೊಂಡದ್ದು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಮಾರಿರಲಿಲ್ಲ. ವರ್ಷಕ್ಕೆರಡು ಸಲ ತನ್ನೂರು ಕೊಟ್ಟೂರಿಗೆ ಹೋಗಿಬರುವುದು ಬಿಟ್ಟರೆ ಅದು ಪೋರ್ಟಿಕೋದಲ್ಲಿ ಧೂಳು ತಿನ್ನುತ್ತ ನಿಂತಿರುತ್ತಿತ್ತು. ಒಂದು ದಿನ ತಿಂಡಿ ತಿನ್ನುವಾಗ ಮಗಳು ರಕ್ಷಾ ಕೇಳಿದಳು: “ಅಪ್ಪಾಜಿ, ಗಾಡಿ ನನಗೆ ಕೊಡ್ತೀರಾ? ಕಲ್ಲುಮಣ್ಣು ಹತ್ತೋ ಹಾಗೆ ಎತ್ತರ ಮಾಡ್ತೀನಿ. ಗ್ಯಾರೇಜಿಗೆಲ್ಲ ಬೇಡ, ನಾನೇ, ಇಲ್ಲೇ ಮನೇಲಿ.”

ರಕ್ಷಾ ವಿಜಯನಗರದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಜೊತೆ ಕೆಲಸ ಮಾಡುವವರೊಂದಿಗೆ ಕನಕಪುರದ ಕಡೆ ಹೋಗಿ, ಯಾರದೋ ಎತ್ತರಿಸಿದ ಜೀಪಿನಲ್ಲಿ ಬಂಡೆ ಹತ್ತಿ ಹಳ್ಳ ದಾಟಿ ಬಂದವಳಿಗೆ ಆ ಹುಚ್ಚು ಹತ್ತಿತ್ತು. ತಾಯಿ ನೀಲಮ್ಮ, “ಇದ್ದ ಗಾಡಿ ಕೆಡಿಸ್ಕೊಂಡು ಕೂರ್ತೀಯ ನೋಡು” ಎಂದಳು. ಸೋಮಲಿಂಗಪ್ಪ ಮಾತ್ರ ಆ ಕ್ಷಣವೇ ಎದ್ದು ಬೀಗದಕೈ ತಂದುಕೊಟ್ಟ. ಅವನಿಗೆ ಒಳಗೊಳಗೇ ಒಂದು ಆಸೆ ಹುಟ್ಟಿತ್ತು. ಹತ್ತನೇ ತರಗತಿಯವರೆಗೆ ದಿನಾ ಸಂಜೆ ಊಟದ ಮೇಜಿನ ಹತ್ತಿರ ಅವನ ಮೈಗೆ ಮೈ ತಾಗಿಸಿ ಕೂತು ರೇಖಾಗಣಿತ ಬಿಡಿಸುತ್ತಿದ್ದ ಹುಡುಗಿ, ಆಮೇಲೆ ಯಾವಾಗಲೋ ಅವನನ್ನು ಏನೂ ಕೇಳದಂತಾಗಿದ್ದಳು. ಗಾಡಿಯ ಕೆಲಸ ಎಂದರೆ ಭಾರ, ಎತ್ತರ, ಸಮತೋಲ. ಎಲ್ಲವೂ ಎಂಜಿನಿಯರಿನ ವಿಷಯಗಳೇ. ಇನ್ನು ಕೇಳಲೇಬೇಕಲ್ಲ?

ಮೊದಲ ಶನಿವಾರವೇ ಆ ಆಸೆಗೆ ಕಲ್ಲು ಬಿತ್ತು. ರಕ್ಷಾ ಹಿಂದಿನ ಚಕ್ರದ ಪಕ್ಕ ಕೂತು, ತುಕ್ಕು ಹಿಡಿದ ಒಂದು ನಟ್ಟಿಗೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದಳು. ಸೋಮಲಿಂಗಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, “ಕೋನ ಸ್ವಲ್ಪ ಬದಲಾಯಿಸಿ ಹೊಡಿ” ಎನ್ನುತ್ತಿದ್ದ. ಆಗ ಗೇಟಿನಿಂದ ಒಂದು ದನಿ ಬಂತು.

“ಹೊಡದ್ರೆ ಬರಾಕಿಲ್ಲ ಕಣವ್ವ ಅದು. ಡೀಸೆಲ್ ಬಿಟ್ಟು ಅರ್ಧ ಗಂಟೆ ಸುಮ್ನಿರು. ಅದೇ ಬತ್ತದೆ.”

ಹಿಂದಿನ ರಸ್ತೆಯ ನಂಜುಂಡಪ್ಪ. ಈ ಬಡಾವಣೆಗಳೆಲ್ಲ ಹೊಲಗಳಾಗಿದ್ದ ಕಾಲದಿಂದ ಇಲ್ಲೇ ಇದ್ದ ಮನೆತನ. ಜಮೀನು ಹೋದ ಮೇಲೆ ಅವನು ಮೂವತ್ತು ವರ್ಷ ಲಾರಿಗಳ ಕಮಾನು ಕಟ್ಟುವ ಶೆಡ್ ನಡೆಸಿದ್ದ. ಚಕ್ರದ ಮೇಲೆ ಗಾಡಿಯ ಭಾರ ಹೊರುವ ಆ ಬಾಗಿದ ಉಕ್ಕಿನ ಪಟ್ಟಿಗಳನ್ನು ಕೈಯಲ್ಲಿ ಮುಟ್ಟಿಯೇ ಎಷ್ಟು ಬಳಲಿವೆ ಎಂದು ಹೇಳಬಲ್ಲವನು. ಈಗ ಮನೆ ಬಾಡಿಗೆ ಬರುತ್ತದೆ, ಕೈಗೆ ಕೆಲಸವಿಲ್ಲ. ಹಾಲು ತರಲು ಹೊರಟವನು ಸದ್ದು ಕೇಳಿ ನಿಂತಿದ್ದ.

ಅರ್ಧ ಗಂಟೆಯ ಮೇಲೆ ನಟ್ಟು ಬೆಣ್ಣೆಯ ಹಾಗೆ ತಿರುಗಿತು. ರಕ್ಷಾ ಕೂಗಿದ ಕೂಗಿಗೆ ಎದುರುಮನೆಯವರು ಬಾಲ್ಕನಿಗೆ ಬಂದರು. “ಅಂಕಲ್, ನಾಳೆ ಬರ್ತೀರಾ?”

ನಾಳೆಯೂ ಬಂದ. ಆಮೇಲಿನ ಶನಿವಾರ, ಭಾನುವಾರ, ಬ್ಯಾಂಕಿಗೆ ರಜೆ ಇದ್ದ ದಿನಗಳಲ್ಲೆಲ್ಲ ಬಂದ. ಅಂಕಲ್ ಎನ್ನುವುದು ಹೋಗಿ ಎರಡನೇ ವಾರಕ್ಕೆ “ಗುರುಗಳೇ” ಆಯಿತು. ತಮಾಷೆಗೇ ಅನ್ನುತ್ತಿದ್ದಳು. ಆದರೂ ಆ ಮಾತು ಒಳಗೆ ಪೇಪರ್ ಓದುತ್ತಿದ್ದ ಸೋಮಲಿಂಗಪ್ಪನ ಕಿವಿಗೆ ಕಾಸಿದ ಎಣ್ಣೆ ಬಿಟ್ಟ ಹಾಗಾಗುತ್ತಿತ್ತು. ನೀಲಮ್ಮ ಬಿಸಿ ರೊಟ್ಟಿ, ಎಣ್ಣೆಗಾಯಿ ಕೊಟ್ಟರೆ ಗುರುಶಿಷ್ಯರಿಬ್ಬರೂ ಪೋರ್ಟಿಕೋದ ಮೆಟ್ಟಿಲ ಮೇಲೇ ಕೂತು ತಿನ್ನುತ್ತಿದ್ದರು. ಸೋಮಲಿಂಗಪ್ಪ ಮೇಜಿನ ಮುಂದೆ ಒಬ್ಬನೇ ಕೂತು, ಹೊರಗಿನ ನಗುವಿನಲ್ಲಿ ತನ್ನ ಹೆಸರೇನಾದರೂ ಇದೆಯೇ ಎಂದು ಕಿವಿಗೊಡುತ್ತಿದ್ದ. ಇರುತ್ತಿರಲಿಲ್ಲ.

ಅವನೂ ಸುಮ್ಮನೆ ಕೂರಲಿಲ್ಲ. ನಾಲ್ಕು ದಿನ ಕೂತು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ. ಗಾಡಿಯ ಅಗಲವೆಷ್ಟು, ಭಾರದ ಕೇಂದ್ರ ಎಲ್ಲಿ, ಎಷ್ಟು ಎತ್ತಿದರೆ ಓರೆ ನೆಲದಲ್ಲಿ ಮಗುಚುತ್ತದೆ. ಚಿತ್ರ ಬರೆದು, ಕೆಂಪು ಶಾಯಿಯಲ್ಲಿ ಕೆಳಗೆ ಗೆರೆ ಎಳೆದ: ಎರಡು ಇಂಚು, ಅದಕ್ಕಿಂತ ಹೆಚ್ಚು ಬೇಡ. ಬ್ಯಾಂಕಿನಿಂದ ಬಂದ ರಕ್ಷಾಗೆ ಕೊಟ್ಟ. ಅವಳು ಮೇಲೆ ಮೇಲೆ ತಿರುವಿ, “ಥ್ಯಾಂಕ್ಸ್ ಅಪ್ಪಾಜಿ, ಆಮೇಲೆ ನೋಡ್ತೀನಿ” ಎಂದು ಫ್ರಿಜ್ಜಿನ ಮೇಲಿಟ್ಟಳು.

ಆ ಶನಿವಾರ ಪೋರ್ಟಿಕೋದಲ್ಲಿ ಅವಳು ಕೇಳಿದ್ದು ಅವನಿಗೆ ಕಿಟಕಿಯಿಂದ ಕೇಳಿಸಿತು. “ಗುರುಗಳೇ, ನಾಲ್ಕು ಇಂಚು ಎತ್ತೋಣ್ವಾ?”

“ಅಯ್ಯೋ, ಬ್ಯಾಡ ಮಗಾ. ಎರಡು ಸಾಕು. ಜಾಸ್ತಿ ಎತ್ತಿದ್ರೆ ತಿರುವಲ್ಲಿ ಮಕಾಡೆ ಮಲಗ್ತದೆ.”

“ಹೌದಾ? ಸರಿ, ಎರಡೇ.”

ಸೋಮಲಿಂಗಪ್ಪ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮೇಲೆ ನೋಡಿದ. ನೋಟ್‌ಬುಕ್ಕಿನ ಮೇಲೆ ಕೊತ್ತಂಬರಿ ಕಟ್ಟು ಕೂತಿತ್ತು.

“ಯಾಕ್ರೀ, ಮುಖ ಹಂಗಾಗೈತಿ?” ನೀಲಮ್ಮ ಕೇಳಿದಳು.

“ನನಗೇನಾಗೈತಿ” ಎಂದು ಅವನು ಕೊತ್ತಂಬರಿ ಎತ್ತಿ ಪಕ್ಕಕ್ಕಿಟ್ಟ.

ಮುಂದಿನ ಭಾನುವಾರ ಹಿಂದಿನ ಕಮಾನುಗಳು ಕೂತವು. ಹೊಸ ಪಟ್ಟಿ ಸೇರಿಸಿ ಕಟ್ಟಿದ್ದು. ಗಾಡಿಯ ಚೌಕಟ್ಟಿಗೆ ಎರಡು ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದ್ದರಿಂದ ಹಿಂದಿನ ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಒಂದೊಂದು ಕಮಾನಿನ ತುದಿಗಳನ್ನು ಚೌಕಟ್ಟಿಗೆ ಹಿಡಿಸುವ ಬೋಲ್ಟುಗಳು ಮೂರು ಮೂರು, ಒಟ್ಟು ಆರು ನಟ್ಟು. ರಕ್ಷಾ ಫೋನ್ ಬಂತೆಂದು ಒಳಗೆ ಹೋಗಿದ್ದಾಗ ನಂಜುಂಡಪ್ಪ ಅವನ್ನು ಬರಿಗೈಯಲ್ಲಿ ತಿರುಗಿಸಿಟ್ಟು ಎದ್ದ. “ಮಿಕ್ಕಿದ್ದು ನಾಳೆ ಸಾಯಂಕಾಲ ಬಂದು ಮುಗಿಸ್ತೀನಿ ಅಂತ ಹೇಳಿ ಸಾರ್” ಎಂದು ಸೋಮಲಿಂಗಪ್ಪನಿಗೆ ಹೇಳಿ ಹೊರಟುಹೋದ.

ಸೋಮವಾರ ಬೆಳಗ್ಗೆ ಮಗಳು ಬ್ಯಾಂಕಿಗೆ ಹೋದ ಮೇಲೆ ಸೋಮಲಿಂಗಪ್ಪ ಗಾಡಿಯ ಹಿಂದೆ ಚಾಪೆ ಹಾಸಿ ಮಲಗಿದ. ಅವನು ಗಾಡಿಯ ಕೆಳಗೆ ಮಲಗಿದ್ದು ಜೀವನದಲ್ಲಿ ಅದೇ ಮೊದಲು. ಒಂದು ನಟ್ಟು ಮುಟ್ಟಿ ನೋಡಿದ. ಬೆರಳಿಗೇ ತಿರುಗಿತು. ಎರಡನೆಯದೂ ಅಷ್ಟೇ. ಆರೂ ಹಾಗೆಯೇ ಸಡಿಲವಾಗಿದ್ದವು.

ಅವನ ಎದೆಯಲ್ಲಿ ಹಬ್ಬವಾಯಿತು. ಇದೇ ನೋಡು ಗುರುಗಳ ಕೆಲಸ! ನನ್ನ ಮಗಳು ಕೂತು ಓಡಿಸುವ ಗಾಡಿ, ಇವನು ನಟ್ಟನ್ನೇ ಬಿಗಿಯದೆ ಹೋಗಿದ್ದಾನೆ. ಉದ್ದ ಹಿಡಿಯ ಸ್ಪ್ಯಾನರ್ ತಂದು, ಮೊಣಕೈ ಊರಿ, ಉಸಿರು ಕಟ್ಟಿ ಒಂದೊಂದನ್ನೂ ಇನ್ನು ಅಲ್ಲಾಡದು ಎನ್ನುವವರೆಗೆ ಬಿಗಿದ. ಮುಗಿಯುವ ಹೊತ್ತಿಗೆ ಬನಿಯನ್ ಬೆವರಿನಲ್ಲಿ ತೊಯ್ದಿತ್ತು. ಸಂಜೆ ರಕ್ಷಾ ಬಂದ ಕೂಡಲೇ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡ. ತಾನಾಗಿ ದೂರಬಾರದು, ಸುಮ್ಮನೆ ಸಹಜವಾಗಿ ಹೇಳಬೇಕು: “ಎಲ್ಲ ಸಡಿಲ ಇದ್ವಮ್ಮ, ನಾನೇ ಬಿಗಿ ಮಾಡ್ದೆ.”

ಅಂದು ಮಧ್ಯಾಹ್ನ ಮಾಗಡಿಯ ಕಡೆ ನೆಂಟರಲ್ಲಿ ಯಾರೋ ತೀರಿಕೊಂಡರೆಂದು ನಂಜುಂಡಪ್ಪ, ಊರಿಗೆ ಹೋಗುತ್ತಿದ್ದೇನೆಂದಷ್ಟೇ ರಕ್ಷಾಗೆ ಫೋನಿನಲ್ಲಿ ಹೇಳಿ, ಹೆಂಡತಿಯ ಜೊತೆ ಹೊರಟುಹೋದ. ಸಂಜೆ ರಕ್ಷಾ ಬ್ಯಾಗನ್ನೂ ಇಳಿಸದೆ ಗಾಡಿಯ ಕೆಳಗೆ ಬಗ್ಗಿ, ಸ್ಪ್ಯಾನರ್ ಹಾಕಿ ನೋಡಿದಳು. ಮುಖ ಅರಳಿತು. “ಅಪ್ಪಾಜಿ, ಊರಿಗೆ ಹೋಗೋ ಅವಸರದಲ್ಲೂ ಗುರುಗಳು ಬಂದು ಮುಗಿಸಿ ಹೋಗಿದ್ದಾರಾ?”

ಆ ಅರಳಿದ ಮುಖ ನೋಡಿ ಸೋಮಲಿಂಗಪ್ಪನಿಗೆ ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು. ಕೆಲಸ ಇವನದು, ಮೆಚ್ಚುಗೆ ಅವನಿಗೆ. “ಊಂ” ಎಂದು ಒಳಗೆ ಹೋದ.

ಮುಂದಿನ ಭಾನುವಾರದವರೆಗೆ ಕಾಯುವ ತಾಳ್ಮೆ ರಕ್ಷಾಗಿರಲಿಲ್ಲ. ಬುಧವಾರ ಸಂಜೆ ಗಾಡಿ ಇಳಿಸಿದಳು, ಗುರುವಾರ ರಜೆ ಹಾಕಿ ಉಲ್ಲಾಳದ ಕಡೆ ಇನ್ನೂ ಡಾಂಬರು ಕಾಣದ ಹೊಸ ಲೇಔಟಿಗೆ ಹೋದಳು. ತಿರುಗಿ ಬಂದಾಗ ತುಟಿ ಬಿಗಿದಿತ್ತು. ಗಾಡಿ ಪ್ರತಿ ಗುಂಡಿಗೂ ಕೀಚಲು ದನಿಯಲ್ಲಿ ಕಿರುಚುತ್ತದಂತೆ, ಬಂಡೆಯ ಮೇಲೆ ಕೂತ ಹಾಗೆ ಕುಕ್ಕುತ್ತದಂತೆ. ನೋಡಲು ಬಂದಿದ್ದ ಗೆಳತಿಯರು ಕಿವಿ ಮುಚ್ಚಿಕೊಂಡು ನಕ್ಕರಂತೆ.

ಶನಿವಾರ ನಂಜುಂಡಪ್ಪ ಮಾಗಡಿಯಿಂದ ಬಂದ. ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕೆಳಗೆ ಕೈ ಹಾಕಿದ. ಕಮಾನಿನ ತುದಿಯ ತೂತಿನಲ್ಲಿ ಬೋಲ್ಟನ್ನು ಸುತ್ತಿದ್ದ ರಬ್ಬರು ಬಳೆ, ಬುಷ್, ಹಿಂಡಿ ಬಿರುಕು ಬಿಟ್ಟಿತ್ತು. ನಟ್ಟಿನ ಮೇಲೆ ಬೆರಳಾಡಿಸಿದ.

“ಇದನ್ನ ಎತ್ತರದಲ್ಲಿರುವಾಗ್ಲೇ ಬಿಗಿದವ್ರೆ. ನೆಲಕ್ಕಿಳ್ಸಿ, ಗಾಡಿ ತನ್ನ ಭಾರ ತಾನು ಹೊತ್ಕೊಂಡ ಮ್ಯಾಲೆ ಬಿಗೀಬೇಕು. ಇಲ್ದಿದ್ರೆ ರಬ್ಬರು ಯಾವಾಗ್ಲೂ ತಿರುಚ್ಕೊಂಡೇ ಇರ್ತದೆ. ಯಾರು ಬಿಗಿ ಮಾಡಿದ್ದು ಮಗಾ?”

“ಯಾರು ಅಂದ್ರೆ? ನೀವೇ ಅಲ್ವಾ ಗುರುಗಳೇ, ಸೋಮವಾರ ಬಂದು?”

ನಂಜುಂಡಪ್ಪ ತಲೆ ಎತ್ತಿದ. ಪೋರ್ಟಿಕೋದ ಕುರ್ಚಿಯಲ್ಲಿದ್ದ ಸೋಮಲಿಂಗಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಅಕ್ಷರಗಳು ಕಾಣುತ್ತಿರಲಿಲ್ಲ. ನಾಲ್ಕು ಮಾತಿನಲ್ಲಿ ಹೇಳಿದ ಆ ವಿಷಯ ಅವನಿಗೆ ಅರ್ಧ ಕೇಳುವಷ್ಟರಲ್ಲೇ ಅರ್ಥವಾಗಿತ್ತು. ಕಾಲೇಜಿನಲ್ಲಿ ಓದಿದ್ದೇ. ಆದರೂ ಹೊಳೆದಿರಲಿಲ್ಲ.

“ಊಂ, ನಾನೇ ಇರ್ಬೇಕು ಕಣವ್ವ” ಎಂದಿತು ಗಾಡಿಯ ಹಿಂದಿನ ದನಿ. “ವಯಸ್ಸಾಯ್ತು ನೋಡು. ಮರವು.”

ರಕ್ಷಾ ಏನೂ ಬಯ್ಯಲಿಲ್ಲ. “ಪರವಾಗಿಲ್ಲ ಬಿಡಿ ಅಂಕಲ್” ಎಂದಳು, ಅಷ್ಟೇ. ಆದರೆ ಅದು ಗುರುಗಳಿಗೆ ಹೇಳುವ ದನಿಯಾಗಿರಲಿಲ್ಲ. ಅವನು ಹೋದ ಮೇಲೆ ತಂದೆಯ ಪಕ್ಕ ಬಂದು ಕೂತಳು. “ಪಾಪ, ಅವರಿಗೂ ವಯಸ್ಸಾಯ್ತು ಅಪ್ಪಾಜಿ. ಇನ್ಮೇಲೆ ಅವರನ್ನೇ ನಂಬ್ಕೊಂಡು ಕೂರೋದು ತಪ್ಪು.” ಅಡುಗೆಮನೆಗೆ ಹೋಗಿ ನೋಟ್‌ಬುಕ್ ತಂದಳು. ಎಷ್ಟೋ ವರ್ಷದ ಮೇಲೆ ಅವನ ಭುಜಕ್ಕೆ ಭುಜ ತಾಗಿಸಿ ಕೂತು, “ಇದು ಏನು, ಈ ಕೋನ?” ಎಂದು ಕೇಳಿದಳು.

ಅವನಿಗೆ ಬೇಕಾಗಿದ್ದು ಇದೇ. ವಿವರಿಸಿದ, ಬಾಯಿ ಒಣಗುವವರೆಗೆ ವಿವರಿಸಿದ. ಅವಳು ತಲೆಯಾಡಿಸುತ್ತಿದ್ದಳು, ಆದರೆ ನಡುನಡುವೆ ಗೇಟಿನ ಕಡೆ ನೋಡುತ್ತಿದ್ದಳು.

ಎರಡು ವಾರ ನಂಜುಂಡಪ್ಪ ಬರಲಿಲ್ಲ. ಇವಳೂ ಕರೆಯಲಿಲ್ಲ. ಸೋಮಲಿಂಗಪ್ಪನಿಗೆ ಇನ್ನು ಹೊಟ್ಟೆಕಿಚ್ಚು ಪಡಲು ಕಾರಣವೇ ಇರಲಿಲ್ಲ. ಆದರೂ ಅದು ಹೋಗಲಿಲ್ಲ, ರೂಪ ಬದಲಿಸಿ ಕೂತಿತು. ಮೊದಲು ನಂಜುಂಡಪ್ಪನ ಕೈಯ ಕೆಲಸಕ್ಕೆ ಉರಿದಿದ್ದ. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಬ್ಬರ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡನಲ್ಲ, ಅದಕ್ಕೆ ಉರಿದ. ತಾನಾಗಿದ್ದರೆ ಹಾಗೆ ಮಾಡುತ್ತಿದ್ದನೇ? ಇಲ್ಲ ಎಂದು ಗೊತ್ತಿತ್ತು. ಗೊತ್ತಿದ್ದದ್ದೇ ಹೆಚ್ಚು ಸುಡುತ್ತಿತ್ತು.

ಒಂದು ಬೆಳಗ್ಗೆ ತಡೆಯಲಾರದೆ ಹಿಂದಿನ ರಸ್ತೆಗೆ ಹೋದ. ನಂಜುಂಡಪ್ಪ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಅವನ ಹೆಂಡತಿ ಬೋರಮ್ಮ ಒಳಗಿನಿಂದ ಮಜ್ಜಿಗೆ ತಂದುಕೊಟ್ಟು ಹೋದಳು.

“ಯಾಕೆ ಸುಳ್ಳು ಹೇಳಿದ್ರಿ ನೀವು?” ಸೋಮಲಿಂಗಪ್ಪ ನಿಂತೇ ಕೇಳಿದ. ದನಿ ಜಗಳದ್ದಾಗಿತ್ತು.

“ಮಗಳ ಮುಂದೆ ಅಪ್ಪನ್ನ ಇಳಿಸಾಕಾಗ್ತದಾ ಸಾರ್? ಕುಡೀರಿ ಮಜ್ಜಿಗೆ.”

“ನಿಮ್ಮ ಉಪಕಾರ ನನಗೆ ಬೇಕಿರಲಿಲ್ಲ.”

ನಂಜುಂಡಪ್ಪನ ಕೈ ನಿಂತಿತು. ಅವನಿಗೂ ಸಿಟ್ಟು ಬಂದಿತ್ತು. “ನಿಮಗಲ್ಲ ಮಾಡಿದ್ದು, ಆ ಹುಡುಗಿಗೆ. ನಮ್ಮ ಮನೆ ಮುಂದೇನೇ ಹೋಗ್ತದೆ, ತಲೆ ಎತ್ತಿ ನೋಡಾಕಿಲ್ಲ. ಮೂವತ್ತು ವರ್ಷ ಕಮಾನು ಕಟ್ಟಿದೀನಿ, ಒಬ್ರೂ ನನ್ನ ಕೆಲಸದ ಮ್ಯಾಲೆ ಬೆಟ್ಟು ಮಾಡಿರ್ಲಿಲ್ಲ. ನಂಗೇನೂ ಆಗಾಕಿಲ್ಲ ಅನ್ಕೊಂಡ್ರಾ?”

ಸೋಮಲಿಂಗಪ್ಪ ಮಜ್ಜಿಗೆ ಕುಡಿಯದೆ ಮನೆಗೆ ಬಂದ. ರಕ್ಷಾ ಬ್ಯಾಂಕಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು. ಬಾಗಿಲಲ್ಲೇ ಹೇಳಿಬಿಟ್ಟ.

“ಆ ನಟ್ಟು ಬಿಗಿದದ್ದು ನಾನು. ಅವರಲ್ಲ.”

ಅವಳು ಚಪ್ಪಲಿಯಿಂದ ತಲೆ ಎತ್ತಿದಳು. “ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ನನಗೆ ಹೊಟ್ಟೆಕಿಚ್ಚಾಗಿತ್ತು.” ಅರವತ್ತಾರು ವರ್ಷದಲ್ಲಿ ಆ ಮಾತನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. “ನೀನು ಎಲ್ಲಾ ಅವರನ್ನೇ ಕೇಳ್ತಿದ್ದೆ.”

ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದರೆ ಅದು ಸುಳ್ಳಾಯಿತು. ರಕ್ಷಾಳ ಕಣ್ಣು ಕೆಂಪಾದವು. “ಎರಡು ವಾರ ಅಪ್ಪಾಜಿ! ಅಷ್ಟು ದೊಡ್ಡವರನ್ನ ನಾನು ಮಾತಾಡಿಸ್ದೇ ಓಡಾಡಿದೀನಿ. ನೀವು ಪಕ್ಕದಲ್ಲಿ ಕೂತು ನೋಡ್ತಾ ಇದ್ರಿ!” ಬಾಗಿಲು ಧಡಾರನೆ ಹಾಕಿಕೊಂಡು ಹೋದಳು. ಆ ವಾರವಿಡೀ ತಂದೆಯ ಜೊತೆ ಬೇಕಾದಷ್ಟೇ ಮಾತಾಡಿದಳು. ಅದೂ ನೀಲಮ್ಮನ ಮೂಲಕ.

ಶನಿವಾರ ಹೊಸ ಬುಷ್‌ಗಳು ಬಂದವು, ನಂಜುಂಡಪ್ಪನೂ ಬಂದ. ಅವಳೇ ಹೋಗಿ ಕ್ಷಮೆ ಕೇಳಿ ಕರೆತಂದಿದ್ದಳು. ಸೋಮಲಿಂಗಪ್ಪ ಒಳಗೇ ಇದ್ದ. ಹನ್ನೊಂದರ ಹೊತ್ತಿಗೆ ಅವಳ ದನಿ ಕೇಳಿಸಿತು, ಬಿರುಸಾಗಿಯೇ: “ಅಪ್ಪಾಜಿ, ಹೊರಗೆ ಬನ್ನಿ. ಬಿಗಿದವರೇ ಬಿಚ್ಚಬೇಕು.”

ಅವನು ಹಳೆ ಲುಂಗಿ ಸುತ್ತಿ ಚಾಪೆಯ ಮೇಲೆ ಮಲಗಿದ. ಬಿಗಿದದ್ದಕ್ಕಿಂತ ಬಿಚ್ಚುವುದು ಕಷ್ಟವಾಯಿತು. ನಂಜುಂಡಪ್ಪ ಪಕ್ಕದಲ್ಲಿ ಕೂತು, “ಹಿಡಿ ತುದೀಲಿ ಹಿಡ್ಕಳಿ ಸಾರ್, ಮಧ್ಯದಲ್ಲಲ್ಲ” ಎನ್ನುತ್ತಿದ್ದ. ಹೊಸ ರಬ್ಬರು ಹಾಕಿ, ಗಾಡಿ ನೆಲಕ್ಕಿಳಿಸಿ, ಎರಡು ಸಲ ಕುಲುಕಿ ಕೂರಿಸಿದ ಮೇಲೆ, “ಈಗ ಬಿಗೀರಿ” ಎಂದ. ಆರೂ ನಟ್ಟನ್ನು ಸೋಮಲಿಂಗಪ್ಪನೇ ಬಿಗಿದ. ರಕ್ಷಾ ಒಂದೊಂದನ್ನೂ ಮತ್ತೆ ಸ್ಪ್ಯಾನರ್ ಹಾಕಿ ಪರೀಕ್ಷಿಸಿದಳು. ಅವನಿಗೆ ಚುಚ್ಚಿತು.

ಭಾನುವಾರ ಮೂವರೂ ಉಲ್ಲಾಳದ ಕಡೆ ಹೊರಟರು. ರಕ್ಷಾ ಸ್ಟೇರಿಂಗ್ ಹಿಡಿದಳು. “ಗುರುಗಳೇ, ನೀವು ಮುಂದೆ ಕೂತ್ಕೊಳ್ಳಿ. ಸದ್ದು ಬಂದ್ರೆ ನಿಮಗೇ ಮೊದಲು ಗೊತ್ತಾಗೋದು.” ಸೋಮಲಿಂಗಪ್ಪ ಹಿಂದಿನ ಬಾಗಿಲು ತೆಗೆದು ಹತ್ತಿದ. ಹೊಸ ಎತ್ತರಕ್ಕೆ ಮೊಣಕಾಲು ನೊಂದಿತು.

ಡಾಂಬರು ಮುಗಿದು ಮಣ್ಣು ಶುರುವಾಯಿತು. ಮೊದಲ ಗುಂಡಿಯಲ್ಲಿ ಗಾಡಿ ಇಳಿದು, ಮೆತ್ತಗೆ ಉಯ್ಯಾಲೆಯ ಹಾಗೆ ಎದ್ದಿತು. ಸದ್ದಿಲ್ಲ. ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಸೋಮಲಿಂಗಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

“ಹಿಂದೆ ಹೆಂಗಿದೆ ಅಪ್ಪಾಜಿ?” ಕನ್ನಡಿಯಲ್ಲಿ ನೋಡುತ್ತ ಮಗಳು ಕೇಳಿದಳು. ಒಂದು ವಾರದ ಮೇಲೆ ಅವನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ.

“ಚೆನ್ನಾಗಿದೆ” ಎಂದ. ಚೆನ್ನಾಗಿಯೇ ಇತ್ತು. ಮುಂದಿನ ಸೀಟಿನಲ್ಲಿದ್ದ ನಂಜುಂಡಪ್ಪನ ಕಡೆ ಬಾಗಿ, “ಕಮಾನು ಚೆನ್ನಾಗಿ ಕಟ್ಟಿದ್ದೀರಿ” ಎಂದೂ ಸೇರಿಸಿದ. ಆ ಆರು ನಟ್ಟು ಬಿಚ್ಚಿದ್ದಕ್ಕಿಂತ ಆ ಮಾತು ಕಷ್ಟವಾಗಿತ್ತು.